ದ್ವಾರಕಾಬಾಯಿಯ ಎಡಗಿವಿ

ರಘೂತ್ತಮ ಮೊಣಕಾಲೂರಿ ಬಾಗಿ ಅಕ್ಕನ ಎಡಗಿವಿಗೆ ಬಾಯಿ ಹಚ್ಚಿದ.

"ಮಾಸ್ತರ್ರ, ಬಲಗಿವಿ," ಎಂದರು ಪುರೋಹಿತರು. "ನಾರಾಯಣ ನಾಮ ಬಲಗಿವಿಯೊಳಗ ಹೇಳೂದು."

"ಅದು ಗೊತ್ತದರಿ ಆಚಾರ್ಯ. ಇದು ಬ್ಯಾರೆ ಮಾತು."

ಪಡಸಾಲೆಯಲ್ಲಿ ದರ್ಭೆಯ ಮೇಲೆ ದ್ವಾರಕಾಬಾಯಿಯನ್ನು ಮಲಗಿಸಿದ್ದರು. ಎಪ್ಪತ್ನಾಲ್ಕು ವರ್ಷ. ಅಣ್ಣಿಗೇರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು, ಅಪ್ಪನಿಲ್ಲದ ತಮ್ಮನನ್ನು ಓದಿಸಿ ಮಾಸ್ತರನನ್ನಾಗಿ ಮಾಡಿದವಳು. ತಾನು ಲಗ್ನವಾಗಲಿಲ್ಲ. ಈ ಬೆಳಿಗ್ಗೆ ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ.

"ಅಕ್ಕಾ, ನಂದು ತಪ್ಪಾಗೇದ," ಎಂದ ರಘೂತ್ತಮ. ಮೆಲ್ಲಗೆ ಹೇಳಬೇಕೆಂದಿದ್ದ, ಆದರೆ ಒಂದು ಕಿವಿ ಕೇಳದ ಅಕ್ಕನ ಜೊತೆ ಜೋರಾಗಿ ಮಾತಾಡಿ ರೂಢಿ. ಮಾತು ಇಡೀ ಪಡಸಾಲೆಗೆ ಕೇಳಿಸಿತು. "ಆ ಪಟಾಕಿ ನಾ ನೋಡಿ ಹಚ್ಚಬೇಕಾಗಿತ್ತು. ಇಪ್ಪತ್ನಾಕು ವರ್ಷದ ಹಿಂದ ನಿನ್ನ ಕಿವಿ ಕಳದೆ. ಒಮ್ಮೆನೂ ಬಾಯಿಬಿಟ್ಟು ಕ್ಷಮಾ ಕೇಳಲಿಲ್ಲ. ಈಗ ಕೇಳ್ತೀನಿ."

ಅವನ ಹೆಂಡತಿ ವೃಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ರೇಷ್ಮಾಬಿಯ ಗಂಟಲಿನಿಂದ ಒಂದು ಸದ್ದು ಹೊರಟಿತು. ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ದ್ವಾರಕಾಬಾಯಿಯ ಪಕ್ಕದ ಕುರ್ಚಿಯಲ್ಲಿ ಕೂತವಳು ಅವಳು. ಬೆಳಿಗ್ಗೆಯಿಂದ ಅತ್ತೂ ಅತ್ತೂ ಮುಖ ಬಾತಿತ್ತು. ಆದರೆ ಈ ಸದ್ದು ಅಳುವಿನದ್ದಾಗಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಅವಳು ಬಾಯಿಗೆ ಸೆರಗು ತುರುಕಿಕೊಂಡು, ಎದ್ದು ಹಿತ್ತಲಿಗೆ ಹೋಗಿಬಿಟ್ಟಳು.

*

ಆ ವರ್ಷದ ನರಕ ಚತುರ್ದಶಿಯ ನಸುಕಿನಲ್ಲಿ, ಎಂಟು ವರ್ಷದ ಮಗಳು ಗೌತಮಿ ಹಟ ಹಿಡಿದಳೆಂದು, ರಘೂತ್ತಮ ತಗಡಿನ ಡಬ್ಬಿಯ ಕೆಳಗೆ ದೊಡ್ಡ ಪಟಾಕಿಯಿಟ್ಟು ಬತ್ತಿ ಹೊತ್ತಿಸಿದ್ದ. ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಅಕ್ಕನನ್ನು ಗಮನಿಸಿರಲಿಲ್ಲ. ಡಬ್ಬಿ ಹಾರಿತು. ದ್ವಾರಕಾಬಾಯಿ ಎಡಗಿವಿ ಹಿಡಿದುಕೊಂಡು ಕೂತಳು.

"ರಘು, ಈ ಕಿವಿಗೆ ಏನೂ ಕೇಳಸವಲ್ದು."

ಹುಬ್ಬಳ್ಳಿಯ ಡಾಕ್ಟರು ನರ ಸತ್ತಿದೆ, ಇನ್ನು ಬರುವುದಿಲ್ಲ ಎಂದರು.

ಅಂದಿನಿಂದ ರಘೂತ್ತಮ ಬೇರೆ ಮನುಷ್ಯನಾದ. ಮೊದಲು ಸಾಲೆಯಿಂದ ಬಂದವನೇ ಪೇಪರಿನ ಹಿಂದೆ ಮುಖ ಮರೆಸುತ್ತಿದ್ದ. ಅಕ್ಕನ ಖೋಲಿಯಿಂದ ಇಂಗ್ಲಿಷ್ ಬ್ಯಾಂಡಿನ ಹಾಡು ಕೇಳಿಸಿದರೆ, "ಆ ಕಿರಚಾಟ ಬಂದ್ ಮಾಡ್ತೀಯೇನು?" ಎಂದು ರೇಗುತ್ತಿದ್ದ. ದೀಪಾವಳಿಯ ನಂತರ ದಿನಾ ಸಂಜೆ ಐದಕ್ಕೆ ಅಕ್ಕನ ಬಲಕ್ಕೆ ಚಾಪೆ ಹಾಕಿ ಕೂತು, ಸಾಲೆಯ ಸುದ್ದಿಯೆಲ್ಲ ಹೇಳತೊಡಗಿದ. ಹುಬ್ಬಳ್ಳಿಯಿಂದ ದೊಡ್ಡ ಟೇಪ್ ರೆಕಾರ್ಡರ್ ತಂದುಕೊಟ್ಟ. ಬಸ್ ಸ್ಟ್ಯಾಂಡಿನತ್ತ ಹೋಗುವವರು ನಿಂತು ನೋಡುವಷ್ಟು ಜೋರಾಗಿ ಆ ಮನೆಯಲ್ಲಿ ಗಿಟಾರು, ಡ್ರಮ್ಮು ಮೊಳಗತೊಡಗಿದವು. ಅವನಿಗೆ ಒಂದು ಹಾಡೂ ತಿಳಿಯಲಿಲ್ಲ. ಆದರೂ ಬೀಟಲ್ಸ್ ಯಾರು, ಲೆಡ್ ಝೆಪ್ಲಿನ್ ಯಾರು ಎಂದು ಗುರುತು ಹಿಡಿಯಲು ಕಲಿತ.

*

ಹಿತ್ತಲಲ್ಲಿ ರೇಷ್ಮಾಬಿ ತುಳಸಿಕಟ್ಟೆಯಿಂದ ತುಸು ದೂರ, ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

"ಯಾಕ ನಕ್ರಿ?" ಹಿಂದೆಯೇ ಬಂದ ರಘೂತ್ತಮನ ದನಿ ಗಡುಸಾಗಿತ್ತು.

"ತಪ್ಪಾತ್ರಿ ಮಾಸ್ತರ್ರ. ತಡಕೊಳ್ಳಾಕ ಆಗಲಿಲ್ಲ." ಅವಳು ಮೂಗೊರೆಸಿಕೊಂಡಳು. "ಕ್ಷಮಾ ಕೇಳಬೇಕಾದವರು ನೀವಲ್ರಿ. ಆಕಿ. ಪಟಾಕಿಗೆ ಹೋದ ಕಿವಿ ಅಲ್ರಿ ಅದು. ಬೆಂಗಳೂರಾಗ ಹೋತು."

"ಬೆಂಗಳೂರಾಗ? ಟ್ರೇನಿಂಗಿಗೆ ಹೋಗಿದ್ರಲ್ಲಾ, ಆವಾಗೇನು?"

"ಎಲ್ಲೀ ಟ್ರೇನಿಂಗ್ರೀ!"

*

ಎಕ್ಸ್‌ಚೇಂಜಿಗೆ ಸೇರಿದ ಹೊಸದರಲ್ಲಿ, ಲೈನು ಖಾಲಿ ಇದ್ದಾಗ, ಹುಬ್ಬಳ್ಳಿಯ ಆಪರೇಟರ್ ಒಬ್ಬಳು, ಗೋವಾದ ಹೆಂಗಸು, ತನ್ನ ರೇಡಿಯೋದ ಮುಂದೆ ರಿಸೀವರ್ ಹಿಡಿಯುತ್ತಿದ್ದಳು. ಇತ್ತ ಅಣ್ಣಿಗೇರಿಯಲ್ಲಿ ಇಪ್ಪತ್ಮೂರರ ದ್ವಾರಕಾಬಾಯಿ ಹೆಡ್‌ಫೋನ್ ಒತ್ತಿ ಹಿಡಿದು, ಕಣ್ಣುಮುಚ್ಚಿ ಕೇಳುತ್ತಿದ್ದಳು. ಗರಗರ ಸದ್ದಿನ ನಡುವೆ ಒಂದು ಗಿಟಾರು. ಅಷ್ಟೇ ಸಾಕಾಯಿತು.

ಅದನ್ನು ನುಡಿಸುತ್ತಿದ್ದ ವಿಲಾಯತಿ ಬ್ಯಾಂಡು ಬೆಂಗಳೂರಿಗೆ ಬರುತ್ತದೆಂದು ಪೇಪರಿನಲ್ಲಿ ಓದುವ ಹೊತ್ತಿಗೆ ಅವಳಿಗೆ ಐವತ್ತು ತುಂಬಿತ್ತು. ಮನೆಯಲ್ಲಿ ಟ್ರೇನಿಂಗ್ ಎಂದಳು. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು, ರೇಷ್ಮಾಬಿಯನ್ನು ಎಳೆದುಕೊಂಡು ರೈಲು ಹತ್ತಿದಳು.

ಮೈದಾನದ ತುಂಬ ಕರಿ ಅಂಗಿಯ ಹುಡುಗರು. ನಡುವೆ ಹತ್ತಿಸೀರೆ, ತುರುಬು, ಹೆಗಲಿಗೆ ಕೈಚೀಲ. "ಆಂಟೀ, ಬನ್ನಿ" ಎಂದು ಹುಡುಗರೇ ದಾರಿ ಬಿಟ್ಟರು. ಅವಳು ಮುಂದೆ ಮುಂದೆ ಸರಿದು ವೇದಿಕೆಯ ಅಂಚಿಗೇ ಹೋದಳು. ಅಲ್ಲಿ ಎಡಕ್ಕೆ ಆಳೆತ್ತರದ ಸ್ಪೀಕರುಗಳು. ರೇಷ್ಮಾಬಿ ಎರಡೂ ಕಿವಿ ಮುಚ್ಚಿಕೊಂಡು, "ಹಿಂದ ಹೋಗೂಣು ನಡೀರಿ ಅಕ್ಕಾರ" ಎಂದು ಅಂಗಲಾಚಿದಳು.

"ಇಲ್ಲಿಂದ ಗಿಟಾರಿನವನ ಬೆರಳು ಕಾಣಸ್ತಾವ," ಎಂದಳು ದ್ವಾರಕಾಬಾಯಿ. "ನಾ ಸರಿಯೂದಿಲ್ಲ."

ಎರಡು ತಾಸು ಸರಿಯಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ, "ಎಡಗಿವಿ ಒಂದ ಸವನ ಸೀಟಿ ಹೊಡ್ಯಾಕತ್ತದ ರೇಷ್ಮಾ," ಎಂದು ನಗುತ್ತಿದ್ದಳು. ವಾರದ ನಂತರ ಸೀಟಿ ನಿಂತಿತು. ಅದರ ಜೊತೆ ಎಲ್ಲವೂ ನಿಂತಿತು.

*

"ಏಳು ತಿಂಗಳ ಮುಚ್ಚಿಟ್ಲು," ಎಂದಳು ರೇಷ್ಮಾಬಿ. "ದೀಪಾವಳಿಗೆ ನಿಮ್ಮ ಪಟಾಕಿ ನೆವ ಸಿಕ್ತು."

ರಘೂತ್ತಮನ ಮುಖ ಕೆಂಪಾಯಿತು. "ನಾ ಎಷ್ಟು ಸಂಕಟಪಟ್ಟೀನಿ, ನಿಮಗ ಗೊತ್ತದೇನು? ಹಿಂಗ ಮಾಡೂದೇನು ಒಡಹುಟ್ಟಿದವಗ?"

"ಹೇಳಿಬಿಡ್ರಿ ಅಂತ ನಾ ಹತ್ತು ಸಲ ಅಂದೀನ್ರಿ. ಆಕಿ ಏನಂದ್ಲು ಕೇಳ್ರಿ. 'ರಘು ಈಗ ದಿನಾ ಬಂದು ಬಾಜೂಕ ಕೂಡ್ತಾನ, ಮಾತಾಡ್ತಾನ. ಖರೇ ಹೇಳಿದ್ರ ಎದ್ದು ಹೋಗ್ತಾನ ರೇಷ್ಮಾ. ಒಂದು ಕಿವಿ ಹೋದ್ರ ಹೋಗಲಿ.'"

ಮೊದಲ ವರ್ಷ ರಘೂತ್ತಮ ಪಾಪಪ್ರಜ್ಞೆಯಿಂದಲೇ ಕೂತದ್ದು ನಿಜ. ಆಮೇಲೆ? ಸಾಲೆಯಿಂದ ನಿವೃತ್ತನಾಗಿ, ಹೇಳಲು ಸಾಲೆಯ ಸುದ್ದಿಯೇ ಇಲ್ಲದಾದಾಗಲೂ ಐದಕ್ಕೆ ಕಾಲುಗಳು ತಾವಾಗಿ ಆ ಖೋಲಿಗೆ ನಡೆಯುತ್ತಿದ್ದವು. ನಿನ್ನೆಯೂ ನಡೆದಿದ್ದವು. ಒಳಗಿನಿಂದ ಪುರೋಹಿತರು ಕೂಗಿದರು: "ಮಾಸ್ತರ್ರ, ಹೊತ್ತಾತು."

ಅವನು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ.

ಸಂಜೆ ಸ್ಮಶಾನದಿಂದ ಬಂದು, ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಹೊರಗೆ ಬಂದಾಗ ರೇಷ್ಮಾಬಿ ಇನ್ನೂ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಅವನು ಅವಳ ಪಕ್ಕ ಕೂತ.

"ಬೆಂಗಳೂರಾಗ ಹಾಡು ಸುರು ಆದ ಕೂಡ್ಲೆ ಆಕಿ ಏನು ಮಾಡಿದ್ಲು?" ಎಂದ.

"ಬಾಯಾಗ ಹೇಳಾಕ ಬರೂದಿಲ್ರಿ ಅದು."

ರೇಷ್ಮಾಬಿ ಕಂಬ ಹಿಡಿದು ಎದ್ದು ನಿಂತಳು. ಮಂಡಿನೋವಿನ ಅರವತ್ತೆಂಟರ ಹೆಂಗಸು. ಓಣಿಯ ಆಚೆ ಈಚೆ ನೋಡಿ, ಸೆರಗನ್ನು ಸೊಂಟಕ್ಕೆ ಬಿಗಿದಳು. ಎರಡೂ ಕೈ ಮೇಲೆತ್ತಿದಳು. ಬಳೆಗಳು ಝಲ್ಲೆಂದು ಮೊಣಕೈಗೆ ಜಾರಿದವು. ಸಾವಿನ ಮನೆಗೆ ಅನ್ನ, ಸಾರು ತಂದಿದ್ದ ಪಕ್ಕದ ಮನೆಯವಳು ಪಾತ್ರೆ ಹಿಡಿದುಕೊಂಡು ಗೇಟಿನಲ್ಲೇ ನಿಂತುಬಿಟ್ಟಳು. ಅಂಗಳದ ನಡುವೆ ರೇಷ್ಮಾಬಿ ಕಣ್ಣುಮುಚ್ಚಿ, ತಲೆ ಕೊಡವಿ, ಒಮ್ಮೆ ಜಿಗಿದಳು, ಮತ್ತೊಮ್ಮೆ ಜಿಗಿದಳು.