ರೀಡರ್ ಸೀಟಿನ ಕಿಟಕಿ

ಗಾಡಿ ಮಾರಲ್ಲ, ಮಾರಲ್ಲ ಅಂತ ನಾನು ಬಾಯಿ ಬಡ್ಕೊಂಡಿದ್ದೇ ಬಂತು, ನಮ್ಮ ಅಳಿಯ ಮಹಾರಾಯನಿಗೆ ಕಿವಿಯೇ ಕೇಳಿಸಲ್ಲ. ಹೋದ ವಾರ ಮತ್ತೊಬ್ಬನನ್ನು ಕರ್ಕೊಂಡು ಬಂದಿದ್ದ. ಬಂದವನು ಶೆಡ್ಡಿನ ಬಾಗಿಲಲ್ಲಿ ನಿಂತು, ಕೆಂಪು ಬಣ್ಣ ನೋಡಿ ಬಾಯಿ ಚಪ್ಪರಿಸಿ, "ಆಂಟಿ, ಈ ವಯಸ್ಸಲ್ಲಿ ನಿಮಗೆ ಸ್ಪೋರ್ಟ್ಸ್ ಕಾರ್ ಯಾಕೆ?" ಅಂದ. "ಈ ವಯಸ್ಸಲ್ಲಿ ನಿನಗೆ ಇಷ್ಟುದ್ದ ನಾಲಿಗೆ ಯಾಕೆ?" ಅಂದೆ. ಅಳಿಯನ ಮುಖ ಹುಳ್ಳಗಾಯ್ತು. ಅಷ್ಟಕ್ಕೆ ಬಿಡ್ತಿದ್ದೆನೋ ಏನೋ, ಆದರೆ ಆ ಮನುಷ್ಯ ರೀಡರ್ ಸೀಟಿನ ಬಾಗಿಲು ತೆಗೆದು ಕೂರೋಕೆ ಹೋದ. ತೋಳು ಹಿಡಿದು ಎಳೆದು ಆಚೆ ನಿಲ್ಲಿಸಿದೆ.

ರೀಡರ್ ಸೀಟು ಅಂದರೆ ಡ್ರೈವರ್ ಪಕ್ಕದ ಸೀಟು. ಬೇರೆಯವರಿಗೆ ಅದು ಕಡಲೆಕಾಯಿ ತಿನ್ನುತ್ತಾ ಕೂರೋ ಜಾಗ, ನಮ್ಮ ಯಜಮಾನರಿಗೂ ನನಗೂ ಅದೊಂದು ಉದ್ಯೋಗ. ವಾರವೆಲ್ಲಾ ನಮ್ಮದು ಟೈರ್ ಅಂಗಡಿ. ಇವರು ಟೈರ್ ಬಿಚ್ಚಿ ಹಾಕೋರು, ನಾನು ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ಜಗಳ ಆಡೋಳು. ಭಾನುವಾರ ಬಂತು ಅಂದರೆ ಇಬ್ಬರೂ ಹೆಲ್ಮೆಟ್ ಹಾಕ್ಕೊಂಡು ರ್‍ಯಾಲಿಗೆ ಹೊರಡೋದು. ಮಣ್ಣು ರಸ್ತೆ, ಬೆಟ್ಟದ ರಸ್ತೆ, ಯಾವುದಾದರೂ ಸರಿ. ಇವರು ಓಡಿಸೋದು, ನಾನು ರಸ್ತೆ ಓದೋದು. ಮುಂದಿನ ತಿರುವು ಕಣ್ಣಿಗೆ ಬೀಳೋ ಮೊದಲೇ ಅದು ಎಂಥದ್ದು ಅಂತ ಕೂಗಿ ಹೇಳಬೇಕು. ಜನ ಇವರನ್ನು ಧೂಳಪ್ಪ ಅಂತ ಕರೀತಿದ್ದರು, ಗಾಡಿ ಹೋದ ಮೇಲೆ ಹಿಂದಿನವರಿಗೆ ಸಿಗ್ತಿದ್ದದ್ದು ಅದೊಂದೇ.

ಉಳಿದ ಜೋಡಿಗಳು ತಿರುವಿಗೆ ನಂಬರ್ ಹೇಳ್ತಿದ್ದರು. ನನಗೆ ನಂಬರ್ ಅಂದರೆ ಆಗಿಬರಲ್ಲ. ಸಲೀಸಾದ ತಿರುವು ಬಾಳೆಹಣ್ಣು. ಅದಕ್ಕಿಂತ ಬಿಗಿಯಾದದ್ದು ಕುಡುಗೋಲು. ಹೋದ ದಾರಿಗೇ ವಾಪಸ್ ತಿರುಗಿಸೋದು ಕೊಕ್ಕೆ. ಬ್ರೇಕ್ ಬೇಕಾದರೆ "ಹಿಡಿ", ಬೇಡವಾದರೆ "ಬಿಡು". "ಎಡ ಬಾಳೆಹಣ್ಣು, ಬಿಡು! ಬಲ ಕೊಕ್ಕೆ, ಹಿಡಿ!" ಅಂತ ನಾನು ಕಿರುಚೋದು ಕೇಳಿ ಎಷ್ಟೋ ಜನ ನಕ್ಕಿದ್ದಾರೆ. ಬಹುಮಾನ ಕೊಡೋ ಹೊತ್ತಿಗೆ ಅವರ ನಗು ನಿಂತಿರ್ತಿತ್ತು ಬಿಡಿ.

ರೀಡರ್ ಆದವರಿಗೆ ನಿಯಮ ಇದೆ. ಗಾಡಿ ಓಡ್ತಿರೋವಾಗ ರಸ್ತೆ ಬಿಟ್ಟು ಇನ್ನೊಂದು ಮಾತು ಬಾಯಲ್ಲಿ ಬರಬಾರದು. ಹಸಿವು, ಭಯ, ವಾಂತಿ, ಗಂಡನ ಮೇಲಿನ ಕೋಪ, ಏನಿದ್ದರೂ ನುಂಗಿಕೊಳ್ಳಬೇಕು. ಗುರಿ ಮುಟ್ಟಿದ ಮೇಲೆ ರೀಡರ್ ತನ್ನ ಕಡೆಯ ಕಿಟಕಿ ಇಳಿಸಿ, ಹೊರಗೆ ನಿಂತವರಿಗೆ ಟೈಮ್ ಕಾರ್ಡು ಕೊಡೋದು. ಕಿಟಕಿ ಇಳೀತು ಅಂದರೆ ಕೆಲಸ ಮುಗೀತು, ಇನ್ನು ಬೇಕಾದರೆ ಅಳಬಹುದು ಅಂತ ಲೆಕ್ಕ. ಒಂದು ಸಲ ಗಾಡಿ ಹಾರಿ ಬಿದ್ದು, ಬಾಗಿಲ ಹಿಡಿ ಬಡಿದು ನನ್ನ ಪಕ್ಕೆಲುಬು ಮುರಿದಿತ್ತು. ಕಣ್ಣು ಕತ್ತಲೆ ಬಂದರೂ ಕೊನೆ ತನಕ ಒಂದೂ ತಿರುವು ತಪ್ಪದೆ ಓದಿ, ಕಿಟಕಿ ಇಳಿಸಿ, ಕಾರ್ಡು ಕೊಟ್ಟು, ಆಮೇಲೆ "ಅಯ್ಯೋ" ಅಂದಿದ್ದೆ. ಅಂಗಡಿಗೆ ಗಾಳಿ ಹೊಡೆಸೋಕೆ ಬಂದವರಿಗೂ ಇವರು ಆ ಕಥೆ ಹೇಳೋರು. "ನನ್ನ ಹೆಂಡ್ತಿ ಪಕ್ಕೆಲುಬು ಮುರಿದ್ರೂ ಕಮಕ್ ಕಿಮಕ್ ಅನ್ನಲಿಲ್ಲ ಕಣ್ರೀ" ಅನ್ನೋರು. ನನಗೂ ಒಳಗೊಳಗೇ ಹೆಮ್ಮೆ.

ಇವರ ಕಣ್ಣು ಕೆಟ್ಟದ್ದು ಆಮೇಲೆ ಎಷ್ಟೋ ವರ್ಷಕ್ಕೆ. ನೋಟದ ನಡುವೆ ಒಂದು ಕಪ್ಪು ಮಚ್ಚೆ ಬಂತು, ಸುತ್ತ ಮಸುಕು. ನನ್ನ ಮುಖ ನೋಡಬೇಕಾದರೆ ನನ್ನ ಕಿವಿ ಕಡೆ ನೋಡೋರು. ಲೈಸೆನ್ಸು ತಾವಾಗಿ ಹೋಗಿ ವಾಪಸ್ ಕೊಟ್ಟು ಬಂದರು. ಆಮೇಲೆ ಇಡೀ ದಿನ ಅಂಗಡಿ ಮುಂದೆ ಹಳೇ ಟೈರಿನ ಮೇಲೆ ಕೂತು, ಹೋಗೋ ಗಾಡಿಗಳ ಸದ್ದು ಕೇಳೋದು, "ಇವನ ಕ್ಲಚ್ ಹೋಗಿದೆ" ಅನ್ನೋದು. ನೋಡಿ ನೋಡಿ ನನಗೆ ಸಾಕಾಯ್ತು. "ಏಳಿ, ಇನ್ನು ಮೇಲೆ ನಾನು ಓಡಿಸ್ತೀನಿ, ನೀವು ಓದಿ" ಅಂದೆ.

ಇಷ್ಟು ವರ್ಷ ಪಕ್ಕದಲ್ಲಿ ಕೂತು ಅಪ್ಪಣೆ ಕೊಟ್ಟಿದ್ದೇ ಹೊರತು ನಾನು ಸ್ಟಿಯರಿಂಗ್ ಮುಟ್ಟಿದವಳಲ್ಲ. ಕ್ಲಚ್ಚು ನನಗೆ ನಮ್ಮ ನಾದಿನಿ ಇದ್ದ ಹಾಗೆ, ಒತ್ತಿದರೂ ತಪ್ಪು, ಬಿಟ್ಟರೂ ತಪ್ಪು. ಅದಕ್ಕೇ ಆಟೋಮ್ಯಾಟಿಕ್ ಹುಡುಕಿದ್ದು. ಸೆಕೆಂಡ್ ಹ್ಯಾಂಡ್, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಸ್ಪೋರ್ಟ್ಸ್ ಕಾರು. ಇವರು ಸುತ್ತಾ ಕೈಯಾಡಿಸಿ, ಬಾನೆಟ್ಟಿಗೆ ಕಿವಿ ಕೊಟ್ಟು, "ಆಟೋಮ್ಯಾಟಿಕ್ಕಾ! ಬೇರೆಯವರು ಜಗಿದು ಕೊಟ್ಟಿದ್ದನ್ನ ನುಂಗಿದ ಹಾಗೆ" ಅಂತ ಮೂಗು ಮುರಿದರು. ಮೊದಲ ಸಲ ಬೆಟ್ಟ ಹತ್ತುವಾಗ, ತಿರುವಿಗೆ ಮುಂಚೆ ನಾನು ಬ್ರೇಕ್ ಒತ್ತಿದ ಕೂಡಲೆ ಗಾಡಿ ತಾನಾಗಿ ಒಂದು ಗೇರು ಇಳಿದು ಗುರ್ ಅಂತು. ಇವರು ಸೀಟಿನಲ್ಲಿ ನೆಟ್ಟಗೆ ಕೂತರು. "ಎಲಾ ಕಳ್ಳಿ, ಇದಕ್ಕೆ ಗೊತ್ತಾಗುತ್ತೆ ಕಣೇ" ಅಂದರು. ಅವತ್ತಿಂದ ಗಾಡಿಗೆ ಕಳ್ಳಿ ಅಂತಲೇ ಹೆಸರು.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ನಮ್ಮ ಪಾಠ. ಊರಾಚೆ ಸಣ್ಣ ಸೇತುವೆ ದಾಟಿದರೆ ಬೆಟ್ಟದ ರಸ್ತೆ ಶುರು, ತುದಿಯಲ್ಲಿ ನೀರಿನ ಟ್ಯಾಂಕ್, ಅದೇ ನಮ್ಮ ಗುರಿ. ಆ ರಸ್ತೆ ಇವರಿಗೆ ಅಂಗೈ ಗೆರೆ ಇದ್ದ ಹಾಗೆ ಬಾಯಿಗೆ ಬರ್ತಿತ್ತು. ಕಣ್ಣು ಮುಚ್ಚಿಕೊಂಡು, ಮೈ ವಾಲೋದರಲ್ಲೇ ಜಾಗ ತಿಳಿದು, ಒಂದು ತಿರುವು ಮುಂಚಿತವಾಗಿ ಕೂಗೋರು. ನನ್ನ ಡ್ರೈವಿಂಗಿಗೆ ತಪ್ಪು ಹುಡುಕೋದರಲ್ಲೂ ಮುಂದು. "ಎಡಗಾಲು ಸುಮ್ನೆ ಇಟ್ಕೋ, ಅದಕ್ಕೆ ಇಲ್ಲಿ ಕೆಲಸ ಇಲ್ಲ." "ತಿರುವಿನ ಒಳಗೆ ಬ್ರೇಕ್ ಒತ್ತಬೇಡ, ಮುಂಚೆ ಒತ್ತು." "ಸ್ಟಿಯರಿಂಗ್ ಹಿಡಿದಿದ್ದೀಯಾ, ಬಟ್ಟೆ ಹಿಂಡ್ತಿದ್ದೀಯಾ?" ನಾನೂ ಬಿಡ್ತಿರಲಿಲ್ಲ. ಒಂದು ದಿನ ರೇಗಿ, "ಯಾವತ್ತಾದ್ರೂ ಒಂದಿನ ಬಾಯಿ ಮುಚ್ಚಿಕೊಂಡು ಕೂತ್ಕೋತೀರಾ?" ಅಂತ ಕೇಳಿದೆ.

"ನಾನು ಓದೋ ಅಗತ್ಯ ಇಲ್ಲ ಅನ್ನಿಸಿದ ದಿನ ಕಿಟಕಿ ಇಳಿಸ್ತೀನಿ" ಅಂದರು. "ಅವತ್ತಿಂದ ಕಳ್ಳಿ ನಿನ್ನವಳು."

ಅಷ್ಟೇ ನೋಡಿ. ನನಗೆ ಕಪ್ಪೂ ಬೇಡ, ಪದಕವೂ ಬೇಡ, ಆ ಕಿಟಕಿ ಇಳಿದರೆ ಸಾಕು ಅಂತ ಹಟ ಹಿಡೀತು. ಇಳೀಲಿಲ್ಲ. ಮಳೆಗಾಲ ಮುಗೀತು, ಚಳಿ ಮುಗೀತು, ಭಾನುವಾರ ಭಾನುವಾರವೂ ಟ್ಯಾಂಕಿನ ಹತ್ತಿರ ನಿಲ್ಲಿಸಿ ಓರೆಗಣ್ಣಲ್ಲಿ ನೋಡ್ತಿದ್ದೆ. ಗಾಜು ಮೇಲೇ ಇರ್ತಿತ್ತು. "ಪರವಾಗಿಲ್ಲ" ಅನ್ನೋರು. ಆ ಪರವಾಗಿಲ್ಲ ಕೇಳಿದರೆ ನನಗೆ ಮೈಯೆಲ್ಲಾ ಉರೀತಿತ್ತು.

ಆ ಭಾನುವಾರ ಇವರಿಗೆ ಯಾಕೋ ಮಾತು ಜಾಸ್ತಿ. ಗೇಟಿನಿಂದ ಶುರು ಮಾಡಿ, ಯಾವನೋ ಗಿರಾಕಿ ಸ್ಟೆಪ್ನಿ ಬದಲಿಸಿಕೊಂಡು ಹೋದ ಕಥೆ, ಅಳಿಯನ ಗೊರಕೆ ಕಥೆ, ಎಲ್ಲಾ ಆಯ್ತು. ಸೇತುವೆ ಹತ್ತಿರ ಬಂದಾಗ ಎದೆಯ ಬೆಲ್ಟು ಸಡಿಲ ಮಾಡಿಕೊಳ್ಳುತ್ತಾ, "ಯಾಕೋ ಬೆಳಿಗ್ಗೆಯಿಂದ..." ಅಂತ ಇನ್ನೊಂದು ತೆಗೆದರು.

"ರೀ, ಸಾಕು" ಅಂದೆ. "ರಸ್ತೆ ಶುರು ಆಯ್ತು. ರೀಡರ್ ಆದವರು ರಸ್ತೆ ಬಿಟ್ಟು ಇನ್ನೇನೂ ಮಾತಾಡಬಾರದು. ನಾನು ಪಕ್ಕೆಲುಬು ಮುರ್ಕೊಂಡು ಓದಿದ್ದೀನಿ, ನಿಮಗೆ ಬಾಯಿ ಚಪಲ."

ಇವರು ನಕ್ಕರು. "ಆಯ್ತು ಮೇಡಂ. ಎಡ ಬಾಳೆಹಣ್ಣು, ಬಿಡು" ಅಂದರು.

ನಾನೂ ಬಿಟ್ಟೆ. ಅವತ್ತು ಕಳ್ಳಿ ಹೇಳಿದ ಹಾಗೆ ಕೇಳ್ತಿದ್ದಳು. ರಸ್ತೆ ಒಣಗಿತ್ತು, ಎದುರಿಗೆ ಒಂದು ಹಾಲಿನ ವ್ಯಾನ್ ಬಿಟ್ಟರೆ ನರಪಿಳ್ಳೆ ಇಲ್ಲ. ಬಲ ಕುಡುಗೋಲು, ಎಡ ಕುಡುಗೋಲು. ಇವರ ದನಿ ಸ್ವಲ್ಪ ಸಣ್ಣಗಾಯ್ತು. ನಾನು ಬೈದದ್ದಕ್ಕೆ ಮುನಿಸು ಅಂದ್ಕೊಂಡೆ. "ಬಲ ಕೊಕ್ಕೆ, ಹಿಡಿ" ಅಂದರು. ತಿರುವಿಗೆ ಮುಂಚೆ ಬ್ರೇಕ್, ಗಾಡಿ ತಾನೇ ಗೇರ್ ಇಳಿಸ್ತು, ಒಳಗೆ ಹೋಗಿ ಆಕ್ಸಿಲರೇಟರ್ ಒತ್ತಿದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೊರಗೆ ಬಂತು. ಅಂಥದ್ದು ನನ್ನ ಕೈಯಲ್ಲಿ ಯಾವತ್ತೂ ಬಂದಿರಲಿಲ್ಲ. ಅಲ್ಲಿಂದ ಮುಂದೆ ಇವರು ಕೂಗಲಿಲ್ಲ.

ಮುಂದಿನ ತಿರುವು ನಾನೇ ನೋಡಿ ತಗೊಂಡೆ. ಅದರ ಮುಂದಿನದ್ದೂ ತಗೊಂಡೆ. ಪರೀಕ್ಷೆ ಮಾಡ್ತಿದ್ದಾರೆ, ಮಾಡ್ಲಿ ಅಂದ್ಕೊಂಡೆ. ಅಷ್ಟರಲ್ಲಿ ಎಡಗಡೆಯಿಂದ ಗಾಳಿ ನುಗ್ಗಿ ನನ್ನ ಕೂದಲೆಲ್ಲಾ ಕಣ್ಣಿಗೆ ಬಂತು. "ರೀ, ಕಿಟಕಿ ಹಾಕ್ರೀ! ಏನೂ ಕಾಣಿಸ್ತಿಲ್ಲ!" ಅಂತ ಕೂಗಿದ ಮೇಲೆ ತಾನೇ ನನ್ನ ಮಂಡೆಗೆ ಹೊಳೆದದ್ದು. ಕಿಟಕಿ! ಇಳಿಸಿಬಿಟ್ಟಿದ್ದಾರೆ! ಇನ್ನೂ ಅರ್ಧ ಬೆಟ್ಟ ಇದೆ, ಆಗಲೇ ಇಳಿಸಿದ್ದಾರೆ!

ಆಮೇಲೆ ನಾನು ಓಡಿಸಿದ್ದು ಹೇಗೆ ಅಂತ ಹೇಳಿದರೆ ನೀವು ನಂಬಲ್ಲ. ನನಗೇ ನನ್ನ ಕೈಯ ಗುರುತು ಸಿಗಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯದೆ, ತಿರುವುಗಳನ್ನ ನಾನೇ ಕೂಗಿಕೊಂಡು, ನಾನೇ ತಿರುಗಿಸಿಕೊಂಡು, ನಡುನಡುವೆ "ಹೇಗೆ, ಧೂಳಪ್ಪನೋರೇ?" ಅಂತ ಕೆಣಕಿಕೊಂಡು ಹೋದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ.

ಟ್ಯಾಂಕಿನ ಹತ್ತಿರ ನಿಲ್ಲಿಸಿ, ಕನ್ನಡಿಯಲ್ಲಿ ಕೂದಲು ಸರಿ ಮಾಡ್ಕೊಳ್ತಾ ಕೇಳಿದೆ. "ಏನ್ರೀ, ಇವತ್ತಾದ್ರೂ ಚೆನ್ನಾಗಿತ್ತು ಅಂತೀರಾ, ಅದೇ ಪರವಾಗಿಲ್ಲವಾ?" ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ, "ಒಂದು ಮಾತು ಹೊಗಳಿದ್ರೆ ಮುತ್ತು ಉದುರಿಹೋಗುತ್ತಾ?" ಅಂದೆ. ಕ್ಲಿಪ್ಪು ಹಾಕಿಕೊಂಡು, ಇನ್ನೂ ಏನೇನೋ ಅಂದು, ಆಮೇಲೆ ತಿರುಗಿದೆ. ತಲೆ ಕಿಟಕಿ ಕಡೆ ವಾಲಿತ್ತು. ಕೈ ಇನ್ನೂ ಕಿಟಕಿ ಇಳಿಸೋ ಗುಂಡಿಯ ಹತ್ತಿರವೇ ಇತ್ತು.

ಎದೆಬಡಿತ ನಿಂತುಹೋಗಿತ್ತು ಅಂದರು ಡಾಕ್ಟರು.

ಬಂದವರಿಗೆಲ್ಲಾ ನಾನು ಕಿಟಕಿಯ ಕಥೆ ಹೇಳಿದೆ. ಅಳುತ್ತಲೇ ಹೇಳಿದೆ, ಆದರೆ ಹೇಳಿದೆ. ನನ್ನನ್ನ ಪಾಸು ಮಾಡಿಯೇ ಹೋದರು, ಗಾಡಿ ನನ್ನ ಕೈಗೆ ಕೊಟ್ಟೇ ಹೋದರು ಅಂತ. ಅದೊಂದು ಮಾತು ಹಿಡ್ಕೊಂಡು ರಾತ್ರಿ ಮಲಗ್ತಿದ್ದೆ, ಬೆಳಿಗ್ಗೆ ಏಳ್ತಿದ್ದೆ. ಭಾನುವಾರ ಒಬ್ಬಳೇ ಬೆಟ್ಟ ಹತ್ತಿ ಬರ್ತಿದ್ದೆ. ಪಕ್ಕದ ಕಿಟಕಿ ಇಳಿಸಿಕೊಂಡೇ ಹೋಗೋದು, ಎಷ್ಟು ಚಳಿ ಇದ್ದರೂ.

ಗಾಡಿ ನೋಡೋಕೆ ಬಂದವನನ್ನ ನಾನು ಎಳೆದು ಹಾಕಿದ ಸಂಜೆ ಮಗಳು ಬಂದಳು. ಅವಳು ಕೆಟ್ಟವಳಲ್ಲ. ನಾನು ಆ ರಸ್ತೆಯಲ್ಲಿ ಎಲ್ಲಿ ಉರುಳಿ ಬೀಳ್ತೀನೋ ಅಂತ ಅವಳಿಗೆ ಭಯ. ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಳು. "ಅಪ್ಪ ಕಿಟಕಿ ಇಳಿಸಿ ನನಗೆ ಕೊಟ್ಟ ಗಾಡಿ ಅದು" ಅಂತ ನಾನು ಮತ್ತೆ ಶುರು ಮಾಡಿದೆ. ಅವಳು ಟವೆಲ್ ಕೈಯಲ್ಲೇ ಹಿಡ್ಕೊಂಡು, "ಅಮ್ಮ, ಅಪ್ಪಂಗೆ ಉಸಿರು ಸಿಕ್ಕಿರಲ್ಲಮ್ಮ. ಡಾಕ್ಟರ್ ಅವತ್ತೇ ಹೇಳಿದ್ರು, ಉಸಿರು ಕಟ್ಟಿರುತ್ತೆ ಅಂತ. ಗಾಳಿ ಬೇಕು ಅಂತ ಇಳಿಸಿರ್ತಾರೆ" ಅಂದಳು.

ಕೈಯಲ್ಲಿದ್ದ ಲೋಟ ಗೋಡೆಗೆ ಎಸೆದೆ. "ಆಚೆ ಹೋಗು" ಅಂದೆ. ಅವಳು ಹೋಗಲಿಲ್ಲ, ಅಲ್ಲೇ ಕೂತು ಅತ್ತಳು. ನಾನೂ ಅತ್ತೆ.

ರಾತ್ರಿಯೆಲ್ಲಾ ನನ್ನ ಜೊತೆ ನಾನೇ ವಾದ ಮಾಡಿದೆ. ಉಸಿರು ಸಿಗದಿದ್ದರೆ ಹೇಳ್ತಿರಲಿಲ್ಲವಾ? ನಿಲ್ಲಿಸು ಅನ್ನೋಕೆ ಎಷ್ಟು ಹೊತ್ತು ಬೇಕು? ತೋಳು ತಟ್ಟಬಹುದಿತ್ತು. ಕೆಳಗೆ ಆಸ್ಪತ್ರೆ ಇತ್ತು, ನನ್ನ ಕಾಲ ಕೆಳಗೆ ಬಾಣದಂಥ ಗಾಡಿ ಇತ್ತು, ಅಲ್ಲೇ ತಿರುಗಿಸಿದ್ದರೆ ಆ ಮನುಷ್ಯನನ್ನ ಉಳಿಸ್ತಿದ್ದೆ. ಮತ್ತೆ ಯಾಕೆ ಹೇಳಲಿಲ್ಲ? ಅದಕ್ಕೆ ಉತ್ತರ ಹೇಳೋಕೆ ಡಾಕ್ಟರು ಬೇಕಾಗಿಲ್ಲ. ಇವರು ರೀಡರ್ ಸೀಟಿನಲ್ಲಿ ಕೂತಿದ್ದರು. ಪಕ್ಕೆಲುಬು ಮುರಿದರೂ ಕಮಕ್ ಕಿಮಕ್ ಅನ್ನದವಳು ಪಕ್ಕದಲ್ಲಿ ಕೂತು, ರಸ್ತೆ ಬಿಟ್ಟು ಇನ್ನೇನೂ ಮಾತಾಡಬೇಡಿ ಅಂತ ಗದರಿಸಿದ್ದಳು. ಮಾತಾಡಲಿಲ್ಲ. ಆಗೋವರೆಗೂ ರಸ್ತೆ ಓದಿದರು, ಆಗದಿದ್ದಾಗ ಕಿಟಕಿ ಇಳಿಸಿದರು. ಅದಕ್ಕೂ ನಾನು ಹಾಕ್ರೀ ಅಂತ ಬೈದೆ.

ಮಗಳು ಹೇಳಿದ್ದು ಸರಿಯೋ, ನಾನು ನಂಬಿದ್ದು ಸರಿಯೋ, ನನಗೆ ಗೊತ್ತಿಲ್ಲ. ಎರಡೂ ಇರಬಹುದು ಅಂತಲೂ ಒಂದೊಂದು ಸಲ ಅನ್ನಿಸುತ್ತೆ.

ಇವತ್ತು ಭಾನುವಾರ. ತಿಂಡಿ ತಿನ್ನಲಿಲ್ಲ. ಕಳ್ಳಿಯನ್ನ ಆಚೆ ತೆಗೆದು ಸೇತುವೆ ತನಕ ಬಂದೆ, ಮುಂದೆ ಹೋಗಲಿಲ್ಲ. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ. ಪಕ್ಕದ ಕಿಟಕಿ ಪೂರ್ತಿ ಇಳಿಸಿದೆ. ಆ ಹಾಲಿನ ವ್ಯಾನಿನವನು ನಿಧಾನ ಮಾಡಿ, "ಅಮ್ಮಾ, ಗಾಡಿ ಕೆಟ್ಟೋಯ್ತಾ?" ಅಂತ ಕೇಳಿದ.

"ಇಲ್ಲಪ್ಪಾ, ಮಾತಾಡ್ತಾ ಇದ್ದೀವಿ, ನೀನು ಹೋಗು" ಅಂದೆ. ಖಾಲಿ ಸೀಟು ನೋಡಿದ, ನನ್ನ ಮುಖ ನೋಡಿದ, ಗೇರ್ ಹಾಕಿ ಹೋದ.

ಬೆಲ್ಟು ಬಿಚ್ಚಿ, ಇವರ ಕಡೆ ತಿರುಗಿ ಕೂತೆ. "ಈಗ ಹೇಳ್ರೀ. ಗಾಡಿ ನಿಂತಿದೆ. ರಸ್ತೆ ಇನ್ನೂ ಶುರು ಆಗಿಲ್ಲ. ಯಾಕೋ ಬೆಳಿಗ್ಗೆಯಿಂದ ಅಂದ್ರಲ್ಲ, ಬೆಳಿಗ್ಗೆಯಿಂದ ಏನಾಗ್ತಿತ್ತು?"