ಕತ್ತಲಾಗೋ ಮುಂಚೆ ಹೊರಡು

“ಎಡಕ್ಕೆ, ಎಡಕ್ಕೆ! ಅಯ್ಯೋ, ಅದು ನಿನ್ನ ಬಲ ಕಣಯ್ಯಾ!” ಬಾಗಿಲಾಚೆ ನಿಂತು ಸತುರ್ನಿನೊ ತಾತ ಕೂಗುತ್ತಿದ್ದ.

ನಾಲ್ವರು ಗಂಡಸರು ಶವಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಆ ಇಕ್ಕಟ್ಟಿನ ಕೋಣೆಯಲ್ಲಿ ತಿರುಗಲು ಒದ್ದಾಡುತ್ತಿದ್ದರು. ಪೆಟ್ಟಿಗೆಯೊಳಗಿದ್ದ ಎಪಿಫಾನಿಯಾ ಈ ಮನೆ ಕಟ್ಟಿಸುವಾಗ ಮಂಚ ಒಳಗೆ ಬರುವಷ್ಟು ಅಗಲದ ಬಾಗಿಲು ಇಡಿಸಿದ್ದಳು, ಪೆಟ್ಟಿಗೆ ಹೊರಗೆ ಹೋಗುವುದನ್ನು ಯೋಚಿಸಿರಲಿಲ್ಲ. ಮುಂದಿನ ಮೂಲೆ ಹಿಡಿದಿದ್ದವನು ಅಳಿಯ ವಿಲ್ಬೆರ್. ಹಿಂದಕ್ಕೆ ಸರಿದ ಅವನ ಕಾಲು ನೆಲದ ಮೇಲಿದ್ದ ತಗಡಿನ ಡಬ್ಬಿಯೊಂದನ್ನು ತುಳಿಯಿತು. ಸೀಮೆಎಣ್ಣೆಯ ವಾಸನೆ ಎದ್ದಿತು. ಅವನು ಜೋಲಿ ಹೊಡೆದ, ಪೆಟ್ಟಿಗೆಯ ಮೂಲೆ ಗೋಡೆಗೆ ತೂಗುಹಾಕಿದ್ದ ಚೌಕಟ್ಟಿಗೆ ಬಡಿಯಿತು.

“ಈ ಹಾಳು ಡಬ್ಬಿ ಇಲ್ಲಿ ಯಾರಿಟ್ರು?”

“ನಿಮ್ಮತ್ತೇನೇ. ಮಂಚದ ಕಾಲಿಗೆ, ಇರುವೆ ಹತ್ತಬಾರ್ದು ಅಂತ,” ಅಂದಳು ಅಸುಂತಾ. ಅವಳು ಸತ್ತವಳ ತಂಗಿ. “ನಡೀರಪ್ಪಾ, ನಮ್ಮಕ್ಕ ಬದುಕಿದ್ದಾಗ ಯಾರನ್ನೂ ಕಾಯಿಸ್ದೋಳಲ್ಲ.”

ಮಗಳು ನಿಲ್ದಾ ಜಾರುತ್ತಿದ್ದ ಚೌಕಟ್ಟನ್ನು ಹಿಡಿದುಕೊಂಡಳು. ಗಾಜಿನ ಒಳಗೆ ಸೇವಾ ಕ್ಲಬ್ಬಿನ ಪ್ರಶಸ್ತಿಪತ್ರವಿತ್ತು. ‘ವಿಂಚೂಕಾ ಇಲ್ಲದ ಊರು ತಾಕೋಪಂಪ’ ಎಂದು ದಪ್ಪ ಅಕ್ಷರ, ಕೆಳಗೆ ಅಮ್ಮನ ಹೆಸರು. ಅದನ್ನು ಸರಿಯಾಗಿ ಮೊಳೆಗೆ ಸಿಗಿಸಲೆಂದು ಹಿಂದೆ ಇಣುಕಿದಳು.

ಹಿಂದಿನ ಮಣ್ಣುಗೋಡೆಯಲ್ಲಿ ಉಗುರಿನಗಲದ ಬಿರುಕು. ಅಲ್ಲಿಂದ ಕೆಳಕ್ಕೆ ಮಸಿ ಸೋರಿದ ಹಾಗೆ ಕಪ್ಪು ಗೆರೆಗಳು. ನಮ್ಮ ಕಣಿವೆಯಲ್ಲಿ ಆ ಗೆರೆ ಯಾವುದರ ಹಿಕ್ಕೆಯೆಂದು ಹಾಲುಹಲ್ಲಿನ ಮಗುವೂ ಹೇಳುತ್ತದೆ. ಹೆಬ್ಬೆರಳ ಗೆಣ್ಣಿನಷ್ಟು ದಪ್ಪದ ಒಂದು ವಿಂಚೂಕಾ ತಿಗಣೆ ಬೆಳಕಿಗೆ ಬೆಚ್ಚಿ, ಅವಸರವಿಲ್ಲದೆ ಬಿರುಕಿನೊಳಗೆ ಹಿಂದಕ್ಕೆ ಸರಿಯಿತು. ಅದರ ಹಿಂದೆ ಇನ್ನೊಂದರ ಮೀಸೆ ಆಡುತ್ತಿತ್ತು.

ನಿಲ್ದಾ ಚೌಕಟ್ಟನ್ನು ಗೋಡೆಗೆ ಒತ್ತಿ ಹಿಡಿದಳು. ಇನ್ನೊಂದು ಕೈ ತಾನಾಗಿಯೇ ಆರು ತಿಂಗಳ ಹೊಟ್ಟೆಯ ಮೇಲೆ ಹೋಗಿತ್ತು.

“ಏನಾಯ್ತೇ? ಮುಖ ಸುಣ್ಣ ಆಗಿದೆ,” ಅಂದಳು ಅಸುಂತಾ.

“ಏನಿಲ್ಲ ಚಿಕ್ಕಮ್ಮ. ಮೊಳೆ ಸಡಿಲ ಆಗಿದೆ.”

* * *

ಹನ್ನೊಂದು ವರ್ಷದ ಹಿಂದೆ ನಮ್ಮೂರಿನ ಸೇವಾ ಕ್ಲಬ್ಬಿಗೆ ಇದ್ದ ಕೆಲಸವೆಂದರೆ ವರ್ಷಕ್ಕೊಮ್ಮೆ ಶಾಲೆಗೆ ಬಣ್ಣ ಬಳಿಸುವುದು, ಆಮೇಲೆ ಕೂತು ಹೊಟ್ಟೆತುಂಬ ಉಣ್ಣುವುದು. ಕಡಲಾಚೆಯ ಕ್ಲಬ್ಬುಗಳು ಕೂಡಿಕೊಂಡು ಗೋಡೆಗೆ ಸಿಂಪಡಿಸುವ ಔಷಧಿಯನ್ನೂ ರಕ್ತಪರೀಕ್ಷೆಯ ಸಾಮಾನನ್ನೂ ಕಳಿಸಿದಾಗ, ಅದನ್ನು ಹೊತ್ತು ಮನೆಮನೆ ಸುತ್ತುವವರು ಬೇಕಾದರು. ಕ್ಲಬ್ಬಿನ ದೊಡ್ಡ ಮನುಷ್ಯರಿಗೆಲ್ಲ ಅದೇ ವಾರ ಮಂಡಿನೋವು ಬಂತು. ಎಪಿಫಾನಿಯಾ ತೋಳಿಲ್ಲದ ಹಳದಿ ಕೋಟು ತೊಟ್ಟು, ಔಷಧಿ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು.

“ಈ ವಿಂಚೂಕಾ ರಾತ್ರಿ ಬಂದು ಮುಖಕ್ಕೆ ಕಚ್ಚುತ್ತೆ. ನೋಯಲ್ಲ, ಅದೇ ಇದ್ರ ಮೋಸ,” ಎನ್ನುತ್ತಿದ್ದಳು ಪ್ರತಿ ಬಾಗಿಲಲ್ಲಿ. “ಇಪ್ಪತ್ತು ವರ್ಷ ಏನೂ ಆಗಲ್ಲ. ಆಮೇಲೆ ಹೃದಯ ಊದ್ಕೊಳ್ಳುತ್ತೆ, ಒಂದಿನ ನಿಂತ್ಹೋಗುತ್ತೆ. ಬಸುರಿಗೆ ಈ ರೋಗ ಇದ್ರೆ ಹೊಟ್ಟೇಲಿರೋ ಮಗೂಗೂ ದಾಟಬಹುದು. ಆದ್ರೆ ಹುಟ್ಟಿದ ಕೂಸಿಗೆ ಬೇಗ ಔಷಧಿ ಕೊಟ್ರೆ ವಾಸಿಯಾಗುತ್ತೆ. ಅದಕ್ಕೇ ಮೊದ್ಲು ಗೊತ್ತಿರ್ಬೇಕು. ಬೆರಳು ಕೊಡಿ, ಮುಖ ಆ ಕಡೆ ಮಾಡಿ, ಇರುವೆ ಕಚ್ಚಿದಷ್ಟೇ.”

ಸತುರ್ನಿನೊ ತಾತ ಕೊಡಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದ. ಅವಳು ಮೂರು ದಿನ ಅವನ ಕಟ್ಟೆಯ ಮೇಲೆ ಕೂತು ತಲೆ ತಿಂದಳು. ನಾಲ್ಕನೆಯ ದಿನ ಅವನು ಬೆರಳು ಕೊಟ್ಟ. ರೋಗ ಇದೆಯೆಂದು ತಿಳಿಯಿತು, ಔಷಧಿ ತಿಂದ, ಈಗಲೂ ಗಟ್ಟಿಮುಟ್ಟಾಗಿದ್ದಾನೆ.

ಊರಿಗೆಲ್ಲ ಒಂದೇ ನಿಯಮ ಮಾಡಿದವಳೂ ಅವಳೇ. ಮನೆಯಲ್ಲಿ ತಿಗಣೆ ಕಂಡರೆ ಬೆಂಕಿಪೊಟ್ಟಣದೊಳಗೆ ಹಾಕಬೇಕು. ಮೇಲೆ ಮನೆಯವರ ಹೆಸರು, ಸಿಕ್ಕ ಜಾಗ, ತಾರೀಖು. ಹಿಂಬದಿಯಲ್ಲಿ ಆ ಮನೆಯಲ್ಲಿ ಇದ್ದವರ, ಹುಟ್ಟಿ ಬೆಳೆದವರ ಹೆಸರುಗಳು, ಒಂದು, ಎರಡು ಎಂದು. ಪೊಟ್ಟಣ ಬಂದರೆ ಮಾತ್ರ ಕ್ಲಬ್ಬಿನ ಅಧ್ಯಕ್ಷ, ಔಷಧಿ ಅಂಗಡಿಯ ದೊನ್ ಎವರಿಸ್ತೊ, ಉಗ್ರಾಣದ ಬೀಗ ತೆಗೆಯುತ್ತಿದ್ದ. ಗೋಡೆಗೆ ಔಷಧಿ ಬಿದ್ದ ಮೇಲೆ ಹಿಂಬದಿಯ ಹೆಸರಿನವರೆಲ್ಲ ಬೆರಳು ಕೊಡಲೇಬೇಕು, ಎಲ್ಲೇ ಇರಲಿ.

ಮೊದಲ ಸಲ ಇಡೀ ಊರಿಗೆ ಪರೀಕ್ಷೆ ನಡೆದಾಗ ನಿಲ್ದಾ ಕೋಚಬಾಂಬಾ ಪಟ್ಟಣದ ಬೇಕರಿಯಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಫೋನಿನಲ್ಲಿ ಕೇಳಿದ್ದಳು:

“ನೀನೂ ಬೆರಳು ಕೊಟ್ಯಾಮ್ಮ?”

“ಎಲ್ಲರಿಗಿಂತ ಮೊದ್ಲು ಕೊಟ್ಟೆ.”

“ನಾನು ಬರ್ಲಾ?”

“ನಿಂಗ್ಯಾಕೆ? ನಮ್ಮನೆ ಕನ್ನಡಿ ಇದ್ದಂಗಿದೆ. ನೀನು ಬ್ರೆಡ್ ಸುಡು, ಹೋಗು.”

* * *

ಸ್ಮಶಾನದ ಏರಿನಲ್ಲಿ ಹೊತ್ತವರು ಎರಡು ಸಲ ನಿಂತರು. ಎರಡನೆಯ ಸಲ ನಿಂತ ಜಾಗ ನಿಲ್ದಾಳಿಗೆ ಗೊತ್ತಿತ್ತು. ಅಮ್ಮ ಒಂದು ವರ್ಷದಿಂದ ಅಲ್ಲೇ ನಿಲ್ಲುತ್ತಿದ್ದಳು. “ಈ ಮರ ನೋಡು, ಎಷ್ಟು ಚೆನ್ನಾಗಿದೆ,” ಎಂದು ಏದುಸಿರಿನ ನಡುವೆ ಹೇಳುತ್ತಿದ್ದಳು. ಅಂಥ ಚೆಂದವೇನೂ ಆ ಮರದಲ್ಲಿರಲಿಲ್ಲ.

“ಇಷ್ಟು ಗಟ್ಟಿ ಹೆಂಗಸು, ಐವತ್ತೆಂಟಕ್ಕೇ ಹೋಗೋದೇ?” ಅಂದ ಸತುರ್ನಿನೊ, ಕೋಕಾ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ. “ನನ್ನ ಸಾಯೋಕೆ ಬಿಡ್ಲಿಲ್ಲ, ತಾನು ಹೋದ್ಲು. ಮೋಸಗಾತಿ.”

“ಕಣ್ಣೀರು ಒರೆಸ್ಕೊ ಮುದುಕ, ಎಲೆ ರಸ ಗಡ್ಡಕ್ಕೆ ಇಳೀತಿದೆ,” ಅಂದಳು ಅಸುಂತಾ.

ಗುಂಡಿಯ ಬಳಿ ದೊನ್ ಎವರಿಸ್ತೊ ಜೇಬಿನಿಂದ ಕಾಗದ ತೆಗೆದು ಓದಿದ. ತಾಕೋಪಂಪದ ಗೋಡೆಗಳಲ್ಲಿ ಇಂದು ಒಂದೇ ಒಂದು ವಿಂಚೂಕಾ ಇಲ್ಲ, ಇದು ದೊನ್ಯ ಎಪಿಫಾನಿಯಾ ಕೊಟ್ಟ ಬಳುವಳಿ ಎಂದ. ಆಮೇಲೆ ಕಾಗದ ಮಡಿಸಿ, ತನ್ನದೇ ಮಾತಿನಲ್ಲಿ, “ಅವಳ ಹೃದಯ ತುಂಬಾ ದೊಡ್ಡದಾಗಿತ್ತು,” ಎಂದು ಬಿಕ್ಕಿದ.

ನಿಲ್ದಾ ತಲೆಯೆತ್ತಿ ಅವನನ್ನು ನೋಡಿದಳು. ಮೂರು ದಿನದ ಹಿಂದೆ ಆಸ್ಪತ್ರೆಯ ಡಾಕ್ಟರ್ ಅಮ್ಮನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಇದೇ ಮಾತು ಹೇಳಿದ್ದ. ಹೃದಯ ತುಂಬಾ ದೊಡ್ಡದಾಗಿದೆ, ಯಾಕೆಂದು ನೋಡಬೇಕು ಅಂದಿದ್ದ. ನೋಡುವಷ್ಟು ಹೊತ್ತು ಅಮ್ಮ ಉಳಿಯಲಿಲ್ಲ. ಆಗ ನಿಲ್ದಾಳಿಗೆ ಏನೂ ಹೊಳೆದಿರಲಿಲ್ಲ, ತಾಕೋಪಂಪದ ಎಪಿಫಾನಿಯಾಗೆ ಆ ರೋಗ ಬರಲು ಸಾಧ್ಯವೇ? ಈಗ ಹೊಳೆಯಿತು, ಹೊಳೆದದ್ದು ಬಿಡಲೇ ಇಲ್ಲ. ಅಮ್ಮನಿಗಿದ್ದರೆ, ಅದೇ ಗೋಡೆಯ ಪಕ್ಕ ಹದಿನೇಳು ವರ್ಷ ಮಲಗಿದ ನನಗೆ? ನನಗಿದ್ದರೆ, ಒಳಗಿರುವುದಕ್ಕೆ? ಮಗು ಒದೆಯಿತು. ದಿನವೂ ಒದೆಯುವ ಒದೆತವೇ, ಇವತ್ತು ಅದಕ್ಕೂ ಹೆದರಿದಳು.

ಎವರಿಸ್ತೊ ಪೆಟ್ಟಿಗೆಯ ಮೇಲೆ ಹಾಸಿದ್ದ ಹಳದಿ ಕೋಟನ್ನು ಮಡಿಸಿ ಅವಳ ಕೈಗಿಟ್ಟ. ಗಂಡಸರು ಹಗ್ಗ ಇಳಿಬಿಟ್ಟರು. ಕೋಟಿನ ಒಳಜೇಬಿನಲ್ಲಿ ಏನೋ ಗಟ್ಟಿಯಾದದ್ದು ಬೆರಳಿಗೆ ಸಿಕ್ಕಿತು. ಅಲುಗಿಸಿದರೆ ಒಣಗಿದ ಕಾಳಿನಂತೆ ಗಲಗಲ ಎಂದಿತು. ಅವಳು ಅದನ್ನು ತೆಗೆಯಲಿಲ್ಲ. ಎಲ್ಲರೂ ಹಿಡಿಮಣ್ಣು ಹಾಕುವಾಗ ತಾನೂ ಹಾಕಿದಳು.

* * *

ಮದುವೆಯಾದಾಗಿನಿಂದ, ನಾಲ್ಕು ವರ್ಷ, ಅಮ್ಮ ನಿಲ್ದಾಳನ್ನು ಒಂದು ರಾತ್ರಿಯೂ ಮನೆಯಲ್ಲಿ ಉಳಿಸಿಕೊಂಡಿರಲಿಲ್ಲ. ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಬೇಯಿಸಿದ ಜೋಳ, ಗಿಣ್ಣು ಗಂಟು ಕಟ್ಟಿ ಕೈಗೆ ಕೊಡುತ್ತಿದ್ದಳು.

“ಕತ್ತಲಾಗೋ ಮುಂಚೆ ಹೊರಡು.”

“ಒಂದ್ ರಾತ್ರಿ ಇದ್ರೆ ನಿನ್ನ ಗಂಟೇನು ಹೋಗುತ್ತೆ?”

“ಮದುವೆಯಾದೋಳಿಗೆ ಗಂಡನ ಮನೇಲಿ ನಿದ್ದೆ ಬರ್ಬೇಕು. ಬಸ್ಸು ಹೋಗುತ್ತೆ, ನಡಿ.”

ಪ್ರತಿ ಸಲ ಬಸ್ಸಿನಲ್ಲಿ ನಿಲ್ದಾ ಅಳುತ್ತಿದ್ದಳು. ಊರಿಗೆಲ್ಲ ತಾಯಿಯಾದವಳಿಗೆ ತಾನೊಬ್ಬಳು ಬೇಡವಾದೆ ಎಂದು ವಿಲ್ಬೆರ್‌ಗೆ ಹೇಳಿಕೊಂಡಿದ್ದಳು. ಮೂರು ತಿಂಗಳ ಹಿಂದೆ ಬಸಿರಿನ ಸುದ್ದಿ ತಂದಾಗ ಅಮ್ಮ ಕುಣಿದಾಡುತ್ತಾಳೆ ಅಂದುಕೊಂಡಿದ್ದಳು. ಅಮ್ಮ ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟಳು.

“ರಕ್ತ ತೋರಿಸ್ದ್ಯಾ?”

“ತೋರಿಸ್ದೆ. ರಕ್ತ ಕಮ್ಮಿ ಇದೆ ಅಂತ ಮಾತ್ರೆ ಕೊಟ್ಟಿದ್ದಾರೆ.”

“ಅದಲ್ಲ. ಎಲ್ಲಾ ಪರೀಕ್ಷೆನೂ ಮಾಡಿಸು. ಎಲ್ಲಾನೂ.” ಇನ್ನೇನೋ ಹೇಳಲು ಬಾಯಿ ತೆರೆದಳು. ಆಮೇಲೆ ಬಿಸಿಲಿನ ಕಡೆ ನೋಡಿ, “ಕತ್ತಲಾಗೋ ಮುಂಚೆ ಹೊರಡು,” ಅಂದಳು.

* * *

ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಆಲೂಗಡ್ಡೆ ಸಾರು ಉಂಡರು. ಭೂತಾಯಿಗೆ ಒಂದು ಗುಟುಕು ಚೆಲ್ಲಿ ಜೋಳದ ಹೆಂಡ ಚೀಚಾ ಕುಡಿದರು. ಬಿಸಿಲು ಗೋಡೆಯ ಬುಡ ಬಿಟ್ಟು ಮೇಲೇರುತ್ತಿತ್ತು. ನಿಲ್ದಾ ಅಡುಗೆಮನೆಯ ಹಿಂದೆ ಹೋಗಿ ಕೋಟಿನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದಳು.

ಮೇಲೆ ಅಮ್ಮನ ದುಂಡನೆಯ ಅಕ್ಷರ: ‘ಎಪಿಫಾನಿಯಾ ಚೋಕೆ. ಕೋಣೆ, ತಲೆದಿಂಬಿನ ಗೋಡೆ.’ ತಾರೀಖು ನಾಲ್ಕು ವರ್ಷದ ಹಿಂದಿನದು, ನಿಲ್ದಾಳ ಮದುವೆಗೆ ಹನ್ನೆರಡು ದಿನ ಮುಂಚಿನದು. ಹಿಂಬದಿ ತಿರುಗಿಸಿದಳು. ‘1. ಎಪಿಫಾನಿಯಾ. 2. ನಿಲ್ದಾ.’ ಎರಡನೆಯ ಹೆಸರನ್ನು ಹೊಡೆದುಹಾಕಿದ್ದಳು. ಒಂದು ಸಲವಲ್ಲ, ಕಾಗದ ಹರಿಯುವವರೆಗೆ.

ಆಗಿನ ದಿನಗಳು ಅವಳಿಗೆ ನೆನಪಿದ್ದವು. ವಿಲ್ಬೆರ್‌ನ ಅಕ್ಕನಿಗೆ ಬಂದ ವರನೊಬ್ಬನಲ್ಲಿ ಈ ರೋಗ ಕಂಡು, ವಿಲ್ಬೆರ್‌ನ ಮನೆಯವರು ನಿಶ್ಚಯವನ್ನೇ ಮುರಿದಿದ್ದರು. ಅದನ್ನು ನಗುತ್ತ ಅಮ್ಮನಿಗೆ ಹೇಳಿದವಳು ತಾನೇ. ಊರಿನ ಬೆರಳುಗಳಿಗೆಲ್ಲ ಹೆದರಬೇಡಿ ಎಂದವಳು ಮಗಳ ಮದುವೆ ಮುರಿದೀತೆಂದು ಆ ಪೊಟ್ಟಣ ಹಿಡಿದು ಒಬ್ಬಳೇ ಹೆದರಿ ಕೂತಿದ್ದಾಳೆ. ಆಮೇಲೆ ಮಂಚವನ್ನು ಕೋಣೆಯ ನಡುವಿಗೆ ಎಳೆದು, ಕಾಲುಗಳಿಗೆ ಸೀಮೆಎಣ್ಣೆಯ ಡಬ್ಬಿ ಇಟ್ಟಿದ್ದಾಳೆ, ಮಗಳನ್ನು ಹಗಲಲ್ಲೇ ಸಾಗಹಾಕಿದ್ದಾಳೆ. ನಿಲ್ದಾಳಿಗೆ ಅಮ್ಮನ ಮೇಲೆ ಸಿಟ್ಟು ಉಕ್ಕಿತು, ಅದಕ್ಕಿಂತ ಹೆಚ್ಚಾಗಿ ಅವಳನ್ನು ಒಮ್ಮೆ ಅಪ್ಪಿಕೊಳ್ಳಬೇಕೆನಿಸಿತು.

ಒಳಗಿನಿಂದ ಚಾಪೆ ಬಿಚ್ಚುವ ಸದ್ದು ಬಂತು. “ಹೆಂಗಸರು ಆರು ಜನ ಇಲ್ಲೇ ಕೋಣೇಲಿ ಮಲಗ್ತೀವಿ,” ಅನ್ನುತ್ತಿದ್ದಳು ಅಸುಂತಾ. “ಬಸುರಿ ಗೋಡೆ ಪಕ್ಕ ಮಲಗ್ಲಿ, ಗಾಳಿ ಬೀಸಲ್ಲ.”

ಸುಮ್ಮನಿದ್ದುಬಿಡಬಹುದಿತ್ತು. ಚಾಪೆಗಳನ್ನು ಹೊರಗೆ ಹಾಕಿಸಲು ಸೆಖೆಯೆಂಬ ನೆಪ ಸಾಕಿತ್ತು. ನಾಳೆ ಬಸ್ಸು ಹತ್ತಿದರೆ ಗೋಡೆ ಇಲ್ಲೇ ಉಳಿಯುತ್ತದೆ, ವಿಲ್ಬೆರ್‌ಗೆ ತಿಳಿಯುವುದಿಲ್ಲ, ಅತ್ತೆಗೆ ತಿಳಿಯುವುದಿಲ್ಲ. ನಾಲ್ಕು ವರ್ಷ ಸುಮ್ಮನಿದ್ದವಳನ್ನು ಈಗಷ್ಟೇ ಮಣ್ಣು ಮಾಡಿ ಬಂದಿದ್ದಳು.

ನಿಲ್ದಾ ಬಾಗಿಲಿಗೆ ಬಂದು ನಿಂತಳು.

“ಚಾಪೆ ಸುತ್ತಿ ಚಿಕ್ಕಮ್ಮ. ಕತ್ತಲಾಗೋ ಮುಂಚೆ ಎಲ್ರೂ ಈ ಕೋಣೆಯಿಂದ ಹೊರಡಿ.”

“ಹುಚ್ಚು ಹಿಡೀತಾ? ಸಾವಿನ ಮನೇಲಿ ಬಂದೋರ್ನ ಓಡಿಸ್ತಾರಾ? ಥೇಟ್ ನಿಮ್ಮಮ್ಮನೇ ನೀನು!”

ನಿಲ್ದಾ ಗೋಡೆಯ ಬಳಿ ಹೋಗಿ ಪ್ರಶಸ್ತಿಪತ್ರವನ್ನು ಮೊಳೆಯಿಂದ ತೆಗೆದು ನೆಲಕ್ಕಿಟ್ಟಳು.

ಹೆಂಗಸೊಬ್ಬಳು ಚೀರಿದಳು, ಅಂಗಳದಲ್ಲಿದ್ದ ಗಂಡಸರು ಒಳಗೆ ಬಂದರು. ಸತುರ್ನಿನೊ ತಾತ ಟೋಪಿ ತೆಗೆದ. ದೊನ್ ಎವರಿಸ್ತೊ ಮುಂದೆ ಬಂದು, ಕನ್ನಡಕ ಸರಿಮಾಡಿಕೊಂಡು, ಆ ಕಪ್ಪು ಗೆರೆಗಳನ್ನು ಬಹಳ ಹೊತ್ತು ನೋಡಿದ.

“ದೊನ್ ಎವರಿಸ್ತೊ, ಅಮ್ಮನ ರಕ್ತಪರೀಕ್ಷೆ ಆಗಿತ್ತಾ?”

“ಆಗ್ದೇ ಇರುತ್ತಾ ಮಗಳೇ? ಇಡೀ ಊರಿಂದು ಆಗಿದೆ. ಹೆಸರಿನ ಪಟ್ಟಿ ಇದೆ.”

“ಪಟ್ಟೀಲಿ ಅಮ್ಮನ ಹೆಸರಿದ್ಯಾ?”

“ಪಟ್ಟಿ ಬರ್ದೋಳೇ ಅವಳಲ್ವಾ...” ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. “ಇಲ್ಲ,” ಅಂದ ಕೊನೆಗೆ. “ನಾವ್ಯಾರೂ ಕೇಳ್ಲೇ ಇಲ್ಲ.”

ವಿಲ್ಬೆರ್ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಗೋಡೆಯಿಂದ ಮಂಚದ ಕಾಲಿನ ಡಬ್ಬಿಗಳಿಗೆ, ಅಲ್ಲಿಂದ ಹೆಂಡತಿಯ ಹೊಟ್ಟೆಗೆ ಬಂತು. ಅವನು ಏನು ಯೋಚಿಸುತ್ತಿದ್ದಾನೆಂದು ನಿಲ್ದಾಳಿಗೆ ತಿಳಿಯಲಿಲ್ಲ. ತಿಳಿಯುವುದಕ್ಕೂ ಭಯವಾಯಿತು.

“ನಿಮ್ಮ ಪೆನ್ನು ಕೊಡಿ,” ಎಂದಳು ಎವರಿಸ್ತೊಗೆ.

ಭಾಷಣ ಬರೆದ ಪೆನ್ನನ್ನು ಅವನು ಜೇಬಿನಿಂದ ತೆಗೆದು ಕೊಟ್ಟ. ಅವಳು ಬೆಂಕಿಪೊಟ್ಟಣದ ಹಿಂಬದಿಯನ್ನು ಅಂಗೈ ಮೇಲಿಟ್ಟುಕೊಂಡು, ಹರಿದ ಜಾಗದ ಪಕ್ಕ ತನ್ನ ಹೆಸರನ್ನು ಮತ್ತೆ ಬರೆದಳು. ಅಕ್ಷರ ಸೊಟ್ಟಗಾಯಿತು. ಅದರ ಕೆಳಗೆ ‘3’ ಎಂದು ಬರೆದು ಚುಕ್ಕಿ ಇಟ್ಟಳು. ಮುಂದೆ ಏನು ಬರೆಯುವುದೆಂದು ತೋಚದೆ, ಅಷ್ಟು ಜಾಗವನ್ನು ಖಾಲಿ ಬಿಟ್ಟು ಪೊಟ್ಟಣವನ್ನು ಅವನ ಕೈಗೆ ಕೊಟ್ಟಳು.