ಎರಡು ಬಾಗಿಲ ಹಳೇ ಮೋಟಾರು

ಹಳೇ ಮೋಟಾರು ಕೊಳ್ಳಬೇಕು ಅಂತ ಹೊರಟವರ ಪಾಡು ನಿಮಗೆ ಗೊತ್ತೇ ಇದೆ. ಕೈಯಲ್ಲಿ ದುಡ್ಡು ಕಮ್ಮಿ, ಕಣ್ಣಲ್ಲಿ ಆಸೆ ಜಾಸ್ತಿ. ಗಾಡಿಯ ಬಣ್ಣ ಕಂಡ ಕೂಡಲೇ ಮನಸ್ಸು ಓಡಿಹೋಗಿ ಒಳಗೆ ಕೂತುಬಿಡುತ್ತದೆ. ಆಮೇಲೆ ದಲಾಲ ಹೇಳಿದ್ದೆಲ್ಲ ಖರೆ ಅನ್ನಿಸುತ್ತದೆ. ಮಾದನಹಿಪ್ಪರಗಾದ ಅಣ್ಣಾರಾಯನಿಗೂ ಹಾಗೇ ಆಗುವುದಿತ್ತು. ಅದು ಹೇಗೆ ತಪ್ಪಿತು ಅನ್ನುವುದನ್ನು ಹೇಳುತ್ತೇವೆ, ಜರಾ ಕೂತು ಕೇಳಿ.

ಅಣ್ಣಾರಾಯ ಜೋಳ ತೊಗರಿ ಬೆಳೆಯುವ ಒಕ್ಕಲಿಗ. ಹತ್ತಿಯ ಸುಗ್ಗಿ ಬಂತೆಂದರೆ ಆಳಂದಕ್ಕೆ ಹೋಗಿ ಕುಲಸುಮಬಿಯ ಲಾರಿ ನಡೆಸುತ್ತಿದ್ದ. ಕುಲಸುಮಬಿ ಗಂಡ ತೀರಿದ ಮೇಲೆ ತಾನೇ ಮುಂದೆ ನಿಂತು ಲಾರಿ ದಂಧೆ ಮಾಡಿದ ಹೆಣ್ಣುಮಗಳು. ಅಣ್ಣಾರಾಯನನ್ನು ಆಳು ಅಂತ ಆಕೆ ಎಂದೂ ನೋಡಲಿಲ್ಲ. ಅವನ ಹೆಂಡತಿ ಗೌರಾಬಾಯಿಗೂ ಆಕೆಗೂ ಅಕ್ಕತಂಗಿಯರ ಹಾಗೆ ಹೋಗಿಬರುವ ಬಳಕೆ ಇತ್ತು.

ಪ್ರಾಯದಲ್ಲಿ ಅಣ್ಣಾರಾಯ ಸೊಲ್ಲಾಪುರದ ರಸ್ತೆಯಲ್ಲಿ ಒಂದು ಮೋಟಾರು ಕಂಡಿದ್ದ. ಗಿಡ್ಡ ಮೈ, ಉದ್ದ ಮೂತಿ, ಹಿಂದಕ್ಕೆ ಜಾರಿದ ಮಾಳಿಗೆ, ಎರಡೇ ಬಾಗಿಲು. ಒಳಗೆ ಗಂಡ ಹೆಂಡತಿ ಇಬ್ಬರೇ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿಬಿಟ್ಟಿತು. ಅದಕ್ಕೆ ಕೂಪೆ ಅನ್ನುತ್ತಾರೆ, ಜೋರಾಗಿ ಓಡಲಿಕ್ಕೇ ಮಾಡಿದ ಗಾಡಿ ಅಂತ ಪಕ್ಕದಲ್ಲಿ ನಿಂತವರು ಹೇಳಿದರು. ಆವತ್ತು ಹತ್ತಿದ ಹಂಬಲ ಮತ್ತೆ ಬಿಡಲಿಲ್ಲ.

ಅವನದು ತುಂಬಿದ ಮನೆ. ಹಿರಿಯರ ಎದುರು ಗಂಡ ಹೆಂಡತಿ ಜೊತೆಗೆ ಕೂಡುವ ಹಾಗಿಲ್ಲ. ಊರಿಗೆ ಹೊರಟರೆ ಅಣ್ಣಾರಾಯ ಎತ್ತಿನ ಗಾಡಿಯ ಮುಂದೆ, ಗೌರಾಬಾಯಿ ಹೆಂಗಸರ ನಡುವೆ ಹಿಂದೆ. ಮದುವೆಯಾಗಿ ಇಷ್ಟು ವರ್ಷವಾದರೂ ದಾರಿಯಲ್ಲಿ ಹೆಂಡತಿಯ ಮುಖ ಅವನು ಕಂಡೇ ಇರಲಿಲ್ಲ. ಬೆನ್ನ ಹಿಂದಿನಿಂದ ಬರುವ ದನಿಯಷ್ಟೇ ಅವನ ಪಾಲಿಗೆ.

ಒಂದು ದಿನ ಹೊಲದಲ್ಲಿ ಬುತ್ತಿ ಬಿಚ್ಚುವಾಗ ಆಕೆಗೆ ಹೇಳಿಯೇಬಿಟ್ಟ. ಗೌರಾಬಾಯಿ ಮೊದಲು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅದರಾಗ ಖರೇನೇ ಇಬ್ರೇ ಕೂಡ್ತಾರೇನ್ರಿ?"

"ಇಬ್ರೇ."

"ಮೂರನೇದವ್ರು ಬರ್ತೇನಿ ಅಂದ್ರ?"

"ಜಾಗಾನೇ ಇಲ್ಲ."

ಆಕೆ ಮುರಿದ ರೊಟ್ಟಿಯನ್ನು ಅವನ ಕೈಗೆ ಇಟ್ಟಳು. "ಹಂಗಾರ ನೋಡ್ರಿ ಒಂದು," ಅಂದಳು. "ಎಮ್ಮಿ ಹೈನದ ರೊಕ್ಕ ನನ್ನ ಹತ್ರ ಅದ."

ಅದು 1947ರ ದೀಪಾವಳಿ ಮುಗಿದ ಹೊತ್ತು. ದಿಲ್ಲಿಯಲ್ಲಿ ಬಾವುಟ ಏರಿತ್ತು, ನಮ್ಮ ಕಡೆ ಇನ್ನೂ ನಿಜಾಮರ ಆಳ್ವಿಕೆ. ಅಫಜಲಪುರದ ದಲಾಲ ಖಂಡಪ್ಪನ ಹತ್ತಿರ ಎರಡು ಬಾಗಿಲ ಮೋಟಾರು ಬಂದಿದೆ ಅಂತ ಸುದ್ದಿ ಬಂತು. ಅಣ್ಣಾರಾಯ ಕುಲಸುಮಬಿಯನ್ನು ಕರೆದುಕೊಂಡು ಹೋದ.

ಗಾಡಿ ಗಿಳಿಹಸಿರು. ಹೊಸದಾಗಿ ಹಚ್ಚಿದ ಬಣ್ಣದಲ್ಲಿ ಮುಖ ಕಾಣುತ್ತಿತ್ತು. ಅಣ್ಣಾರಾಯ ಅದರ ಸುತ್ತ ಎರಡು ಸಲ ತಿರುಗಿದ.

"ನಿನ್ನಿಯಿಂದ ಚಾಲೂ ಮಾಡಿಲ್ರಿ," ಅಂದ ಖಂಡಪ್ಪ. "ಈಗ ನೋಡ್ರಿ, ಒಂದೇ ಸಲಕ್ಕ ಹ್ಯಾಂಗ ಚಾಲೂ ಆಗ್ತದ."

ಕುಲಸುಮಬಿ ಗಾಡಿಯ ಮೂತಿಯ ಮೇಲೆ ಅಂಗೈ ಇಟ್ಟಳು. "ನಿನ್ನಿಯಿಂದ ನಿಂತ ಗಾಡಿ ಇಷ್ಟು ಬೆಚ್ಚಗ ಯಾಕದ, ಖಂಡಪ್ಪ?"

"ಬಿಸಲಿಗ್ರಿ ಬಾಯಿ."

"ಗಾಡಿ ನೆರಳಾಗ ಅದ."

ಖಂಡಪ್ಪ ನಕ್ಕು ಬೇರೆ ಮಾತು ತೆಗೆದ. ಕುಲಸುಮಬಿ ಅಣ್ಣಾರಾಯನನ್ನು ಪಕ್ಕಕ್ಕೆ ಕರೆದಳು. "ತಣ್ಣಗಿದ್ದಾಗ ಚಾಲೂ ಆಗದ ಇಂಜಿನ್ನಿಗೆ ಮೊದ್ಲೇ ಬೆಚ್ಚಗ ಮಾಡಿ ಇಡ್ತಾರ, ಭಾಯಿ. ಇರ್ಲಿ. ಈ ಚೀಲ ಹಾಸ್ಕೊಂಡು ಕೆಳಗ ಹೋಗು. ಉದ್ದಕ ಎರಡು ಕಬ್ಬಿಣದ ತೊಲಿ ಅವ. ಅದೇ ಗಾಡಿ ಬೆನ್ನೆಲುಬು. ಎಲ್ಲಿಯಾದ್ರೂ ಸೀಳಿ ಬೆಸದಿದ್ದು ಕಂಡ್ರ ಹೇಳು."

ಅಣ್ಣಾರಾಯ ಗಾಡಿಯ ಕೆಳಗೆ ನುಸುಳಿದ. ಬಲಗಡೆ ತೊಲೆಯ ಮೇಲೆ ಡಾಂಬರು ಬಳಿದಿತ್ತು. ಉಗುರಿನಿಂದ ಕೆರೆದ. ಕೆಳಗೆ ಬೆಸುಗೆಯ ಗಂಟು, ಮುರಿದ ಮೂಳೆ ಕೂಡಿದ ಹಾಗೆ. ಅಲ್ಲೇ ಮಲಗಿ ಒಂದು ಗಳಿಗೆ ಅದನ್ನೇ ನೋಡಿದ. ಹೊರಗೆ ಬಂದು ಮೈ ಜಾಡಿಸಿಕೊಂಡ.

"ಏನೂ ಇಲ್ಲ. ಚೊಲೋ ಅದ," ಅಂದ.

ಕುಲಸುಮಬಿ ಅವನ ಮುಖ ನೋಡಿದಳು. "ನಡಿ, ಒಂದು ಸುತ್ತು ಹೋಗೂಣು. ಚೊಲೋ ರಸ್ತೆ ಬ್ಯಾಡ, ತಗ್ಗುದಿನ್ನಿ ಇದ್ದಲ್ಲಿ ಹೊಡಿ," ಅಂದಳು.

ಊರ ಹೊರಗಿನ ಬಂಡಿ ಜಾಡಿನಲ್ಲಿ ಹೊಡೆದ. ಸ್ಟೇರಿಂಗ್ ಕೈಯಿಂದ ಬಲಕ್ಕೆ ಜಗ್ಗುತ್ತಿತ್ತು. ಹಿಡಿದು ನಿಭಾಯಿಸಿದ. ಎದುರಿಗೆ ಕುರಿಹಿಂಡು ಬಂತು. ಬ್ರೇಕ್ ತುಳಿದ ಕೂಡಲೇ ಗಾಡಿ ಸರ್ರನೆ ತಿರುಗಿ ಹಳ್ಳದ ಅಂಚಿಗೆ ಹೋಗಿ ನಿಂತಿತು. ಮುಂದಿನ ಗಾಲಿಯ ಕೆಳಗಿಂದ ಮಣ್ಣು ಉದುರುವ ಸಪ್ಪಳ ಇಬ್ಬರಿಗೂ ಕೇಳಿಸಿತು.

"ಬೆಸುಗಿ ಅದ, ಬಾಯಿ," ಅಂದ ಅಣ್ಣಾರಾಯ, ತಲೆ ಎತ್ತದೆ. "ನಾ ನೋಡೀನಿ."

"ಗೊತ್ತದ. ಆಸೆ ಇದ್ದವರ ಕಣ್ಣು ಹಂಗೇ ಇರ್ತದ. ಅದಕ್ಕೇ ಆಸೆ ಇಲ್ಲದವರೊಬ್ರನ್ನ ಸಂಗಡ ತರಬೇಕು. ನಾಳೆ ಈ ಜಾಗದಾಗ ಗೌರಾಬಾಯಿ ಕೂತಿರ್ತಿದ್ಲು."

ಆ ಮಾತಿಗೆ ಅಣ್ಣಾರಾಯ ಗಾಡಿಯನ್ನು ಹಿಂದಕ್ಕೆ ತಿರುಗಿಸಿದ. ಖಂಡಪ್ಪನ ಹತ್ತಿರವೇ ಬಿಟ್ಟು ಬಂದ. ಆದರೂ ಮುಂದೆ ಎಷ್ಟೋ ದಿನ ಬೆಳೆಯ ನಡುವೆ ನಿಂತಾಗ ಗಿಳಿಹಸಿರು ಕಂಡರೆ ಸಾಕು, ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಲ್ಲುತ್ತಿದ್ದ.

ಮುಂದಿನ ವರ್ಷ ಮೋಟಾರಿನ ಮಾತೇ ಎತ್ತುವ ಹಾಗಿರಲಿಲ್ಲ. ಪೆಟ್ರೋಲ್ ಕಣ್ಣಿಗೂ ಬೀಳುತ್ತಿರಲಿಲ್ಲ. ನಿಜಾಮರ ಕಡೆಯ ರಜಾಕಾರರ ಹಾವಳಿಗೆ ಗಡಿಯ ಹಳ್ಳಿಗಳು ಖಾಲಿಯಾದವು. ಅಣ್ಣಾರಾಯನ ಮನೆಯವರೂ ಗಡಿಯಾಚೆ ಅಕ್ಕಲಕೋಟೆ ಕಡೆ ಹೋಗಿ ದಿನ ಕಳೆದರು. ಸೆಪ್ಟೆಂಬರಿನಲ್ಲಿ ಹಿಂದೂಸ್ಥಾನದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಇವರು ಊರಿಗೆ ಮರಳಿದಾಗ ಮನೆಯ ಕದ ಹಾರು ಹೊಡೆದಿತ್ತು, ಒಳಗೆ ಒಂದು ತಟ್ಟೆಯೂ ಉಳಿದಿರಲಿಲ್ಲ. ಎಮ್ಮೆಯ ರೊಕ್ಕ ಗೌರಾಬಾಯಿಯ ಸೊಂಟದಲ್ಲಿ ಇದ್ದದ್ದರಿಂದ ಉಳಿಯಿತು.

ಆಮೇಲೆ ಅಂಜಿಕೆ ಮುಸಲ್ಮಾನರ ಮನೆಗಳಿಗೆ ಹೋಯಿತು. ಆಳಂದದಲ್ಲಿ ಕುಲಸುಮಬಿಯ ಲಾರಿಗೆ ಬೆಂಕಿ ಬಿತ್ತು. ಅಣ್ಣಾರಾಯ ಹೋಗಿ ಆಕೆಯನ್ನು ಕರೆತಂದ. ಗೌರಾಬಾಯಿ ತನ್ನ ಸೀರೆ ಉಡಿಸಿ, ಯಾರಾದರೂ ಕೇಳಿದರೆ ಇಜೇರಿ ಊರಿನಿಂದ ಬಂದ ನಮ್ಮಕ್ಕ ಅಂತ ಹೇಳಿದಳು.

ಗಲಾಟೆ ತಣ್ಣಗಾದ ಮೇಲೆ ಖಂಡಪ್ಪನೇ ಹೇಳಿಕಳಿಸಿದ. ಇನ್ನೊಂದು ಎರಡು ಬಾಗಿಲ ಮೋಟಾರು ಅದ, ರೇಟು ಕೇಳಿದರೆ ನಂಬುವುದಿಲ್ಲ, ಬನ್ನಿ ಅಂತ. ಈ ಸಲ ಗೌರಾಬಾಯಿಯೂ ಹೊರಟಳು. ಗೌರಾಬಾಯಿಯ ಸೀರೆಯಲ್ಲೇ ಬಂದ ಕುಲಸುಮಬಿಯನ್ನು ಖಂಡಪ್ಪ ಕಣ್ಣೆತ್ತಿ ನೋಡಲಿಲ್ಲ, ಗುರುತೂ ಹಿಡಿಯಲಿಲ್ಲ.

ಗಾಡಿ ಒಂದು ಕಾಲಕ್ಕೆ ನೀಲಿ ಇದ್ದಿರಬೇಕು. ಬಣ್ಣ ಮಾಸಿ, ಧೂಳು ಕೂತು, ಕೋಳಿ ಮಲಗಿದ ಗುರುತೂ ಇತ್ತು. ಕುಲಸುಮಬಿ ಮುಟ್ಟಿ ನೋಡಿದಳು, ಮೈ ತಣ್ಣಗಿತ್ತು. ಹ್ಯಾಂಡಲ್ ತಿರುವಿದರೆ ಇಂಜಿನ್ನು ಗೊಣಗಿ, ಕೆಮ್ಮಿ, ಹದಕ್ಕೆ ಬಂತು. ಹೊಗೆ ನೀಲಿ ಇರಲಿಲ್ಲ, ಅಂದರೆ ಇಂಜಿನ್ನು ಎಣ್ಣೆ ಸುಡುತ್ತಿರಲಿಲ್ಲ. ಈ ಸಲ ಅಣ್ಣಾರಾಯ ಗಾಡಿಯ ಕೆಳಗೆ ಬೆಳಕು ಹಿಡಿದು ಇಂಚಿಂಚೂ ನೋಡಿದ. ತೊಲೆ ನೆಟ್ಟಗಿದ್ದವು. ಎರಡೂ ಬಾಗಿಲು ಎತ್ತದೆ ಜಗ್ಗದೆ ಹಾಕಿಕೊಂಡವು. ತಗ್ಗುದಿಣ್ಣೆಯಲ್ಲಿ ಓಡಿಸಿ ಬ್ರೇಕ್ ತುಳಿದರೆ ಗೆರೆ ಎಳೆದಂತೆ ನಿಂತಿತು. ಟೈರು ಮಾತ್ರ ಸವೆದಿದ್ದವು.

"ಕಬ್ಬಿಣಕ್ಕ ಹೆಸರಿಡಂಗಿಲ್ಲ," ಅಂದಳು ಕುಲಸುಮಬಿ. ಆಮೇಲೆ ಖಂಡಪ್ಪನ ಕಡೆ ತಿರುಗಿದಳು. "ಮಾಲಕ ಯಾರು?"

"ಎಲ್ಲೀ ಮಾಲಕ್ರು, ಬಾಯಿ. ಗಲಾಟ್ಯಾಗ ಊರು ಬಿಟ್ಟು ಹೋಗ್ಯಾರ. ಯಾರೂ ಕೇಳಾಕ ಬರಂಗಿಲ್ಲ, ಫಿಕರ್ ಬ್ಯಾಡ."

ಕುಲಸುಮಬಿ ಬೇವಿನ ಮರದ ಕಡೆ ಹೋಗಿ ಬೆನ್ನು ತಿರುಗಿಸಿ ನಿಂತಳು.

ಅಣ್ಣಾರಾಯ ಸ್ಟೇರಿಂಗ್ ಹಿಡಿದು ಕೂತಿದ್ದ. ಪಕ್ಕದಲ್ಲಿ ಗೌರಾಬಾಯಿ. ಇಷ್ಟು ಹತ್ತಿರದಿಂದ, ಹಾಡುಹಗಲಿನಲ್ಲಿ, ಆಕೆಯ ಮುಖ ನೋಡಿದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ಎಷ್ಟು ವರ್ಷದ ಆಸೆ, ಹೂಂ ಅಂದರೆ ಸಾಕಿತ್ತು. ಆ ಗಳಿಗೆಯಲ್ಲಿ ಅವನಿಗೆ ಮಾಲಕ ಯಾರು ಅನ್ನುವ ಮಾತು ಕೇಳಿಸದೇ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಇಳಿಯೂಣ್ರಿ," ಅಂದಳು ಗೌರಾಬಾಯಿ.

"ಗೌರಾ, ಗಾಡಿ ಚೊಲೋ ಅದ."

"ಚೊಲೋನೇ ಅದ. ನಮ್ಮ ಮನ್ಯಾಗಿನ ಹಂಡೆ, ನಮ್ಮವ್ವನ ಬೀಸೂ ಕಲ್ಲು ಯಾವನೋ ಹಿಂಗೇ ಕೊಂಡಿರ್ತಾನ. ಮಾಲಕ ಇಲ್ಲ ಅಂತ ಅವಗೂ ಹೇಳಿರ್ತಾರ. ನಾವು ಇದ್ದೇವಲ್ಲರಿ?"

ಅಣ್ಣಾರಾಯ ಇಳಿದ. ಬಾಗಿಲು ಹಾಕುವಾಗ ಕೈ ಬಿಡಲು ಹೊತ್ತು ಹಿಡಿಯಿತು.

ಆ ಭಾಗದಲ್ಲಿ ಅಂಥ ನೀಲಿ ಗಾಡಿ ಇದ್ದವರು ಎಷ್ಟು ಮಂದಿ? ಕುಲಸುಮಬಿ ತನ್ನ ಬಳಗದಲ್ಲಿ ವಿಚಾರಿಸಿದಳು. ಅಫಜಲಪುರದ ವಜೀರುನ್ನಿಸಾ ಅನ್ನುವವರದು ಅಂತ ತಿಳಿಯಿತು. ಆ ಸೆಪ್ಟೆಂಬರಿನಲ್ಲಿ ಗಂಡನನ್ನು ಕಳಕೊಂಡು ಜೇವರ್ಗಿಯ ತಂಗಿಯ ಮನೆ ಸೇರಿದ್ದರು. ಮೂವರೂ ಬಸ್ಸು ಹಿಡಿದು, ಭೀಮಾ ದಾಟಿ ಜೇವರ್ಗಿಗೆ ಹೋದರು.

ವಜೀರುನ್ನಿಸಾ ಮಾತೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಗಾಡಿ ಸುಟ್ಟಿಲ್ಲೇನು?"

"ಇಲ್ರಿ. ಚೊಲೋ ಅದ," ಅಂದ ಅಣ್ಣಾರಾಯ.

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಹೊಸ ಸರಕಾರದ ಕಚೇರಿಯಲ್ಲಿ ತಕರಾರು ಕೊಟ್ಟರು. ಗಾಡಿ ಎಲ್ಲಿದೆ, ಯಾರು ಮಾರಲು ಬಂದರು ಅಂತ ಅಣ್ಣಾರಾಯ ಎದುರು ನಿಂತು ಸಾಕ್ಷಿ ಹೇಳಿದ. ಮುಂದಿನ ಚಳಿಗಾಲ ಬರುವ ಹೊತ್ತಿಗೆ ಗಾಡಿ ವಜೀರುನ್ನಿಸಾ ಕೈಗೆ ಮರಳಿತು. ನನಗೆ ಕೊಡಿ ಅಂತ ಅಣ್ಣಾರಾಯ ಒಮ್ಮೆಯೂ ಅನ್ನಲಿಲ್ಲ. ಅವರೇ ಹೇಳಿಕಳಿಸಿದರು.

"ನಾನು ಇದನ್ನ ಇಟ್ಕೊಂಡು ಏನು ಮಾಡ್ಲಿ? ನೀವೇ ತಗೋಳ್ರಿ. ಆದ್ರ ಕೇಳ್ಕೋಳ್ರಿ. ಏರಿನ ಮ್ಯಾಲ ಇಂಜಿನ್ ಬಿಸಿ ಆಗ್ತದ, ನೀರು ಇಟ್ಕೊಂಡೇ ಹೋಗಬೇಕು. ಮಳಿ ಬಂದ್ರ ಎಡಗಡಿ ಬಾಗಿಲು ಸೋರ್ತದ."

ಇದನ್ನು ಯಾವ ದಲಾಲ ಹೇಳುತ್ತಿದ್ದ? ಕುಲಸುಮಬಿ ಪೇಟೆಯ ರೇಟು ವಿಚಾರಿಸಿ, ಟೈರಿನ ಖರ್ಚಷ್ಟೇ ಕಳೆದು ಕಿಮ್ಮತ್ತು ಕಟ್ಟಿದಳು. ಗೌರಾಬಾಯಿಯ ರೊಕ್ಕದ ಮೇಲೆ ಒಂದು ಜೋಡಿ ಎತ್ತು ಮಾರಬೇಕಾಯಿತು, ಮಾರಿದರು. ಗಾಡಿ ಅಣ್ಣಾರಾಯನ ಹೆಸರಿಗೆ ಆಗುವಾಗ ಕೊಟ್ಟವರೂ ಕೊಂಡವರೂ ಒಟ್ಟಿಗೆ ಕಚೇರಿಯಲ್ಲಿ ನಿಂತಿದ್ದರು.

ಹೊರಗೆ ಬಂದಾಗ ಗೌರಾಬಾಯಿ ಎಡಗಡೆ ಬಾಗಿಲಿಗೆ ಕೈ ಹಾಕಿದ್ದಳು. ವಜೀರುನ್ನಿಸಾ ಗಾಡಿಯನ್ನೇ ನೋಡುತ್ತ ನಿಂತಿದ್ದರು.

"ಒಂದು ಸಲ ಕೂಡ್ಲೇನು?" ಅಂದರು, ತಮ್ಮಷ್ಟಕ್ಕೆ ತಾವೇ ಅಂದುಕೊಂಡ ಹಾಗೆ.

ಗೌರಾಬಾಯಿ ಕೈ ತೆಗೆದು ಹಿಂದೆ ಸರಿದಳು. "ಕೂಡ್ರಿ ಅಕ್ಕಾ. ಜಾಗ ನಿಮ್ಮದೇ ಅದ."

ಅಣ್ಣಾರಾಯ ಗಾಣಗಾಪುರದ ರಸ್ತೆ ಹಿಡಿದ. ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ವಜೀರುನ್ನಿಸಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಗಾಡಿ ಸರಾಗ ಓಡತೊಡಗಿದಾಗ ಅವರ ಮುಖ ಸಡಿಲಾಯಿತು. ಒಂದು ಬಾವಿಯ ಹತ್ತಿರ ಏನೋ ನೆನಪಾಗಿ ನಗುತ್ತ ಬಲಕ್ಕೆ ತಿರುಗಿ ಬಾಯಿ ತೆರೆದರು. ಸ್ಟೇರಿಂಗ್ ಹಿಡಿದವನು ತಮ್ಮ ಗಂಡನಲ್ಲ, ಅಣ್ಣಾರಾಯ ಅಂತ ಕಂಡಿತು. ಮಾತು ಅಲ್ಲೇ ನಿಂತಿತು. "ಸಾಕು, ತಿರುಗಿಸ್ರಿ," ಅಂದರು.

ಆವತ್ತು ಸಂಜೆ ಅಣ್ಣಾರಾಯ, ಗೌರಾಬಾಯಿ ಇಬ್ಬರೇ ಮಾದನಹಿಪ್ಪರಗಾಕ್ಕೆ ಹೊರಟರು. ದಾರಿಯಲ್ಲಿ ಗೌರಾಬಾಯಿ ಕೇಳಿದಳು, "ಗಾಡ್ಯಾಗ ಆ ಅಕ್ಕಾರು ಏನಂದ್ರು?"

"ಏನೂ ಅನ್ನಲಿಲ್ಲ," ಅಂದ ಅಣ್ಣಾರಾಯ. ಸ್ವಲ್ಪ ಮುಂದೆ ಹೋಗಿ ಗಾಡಿಯ ವೇಗ ತಗ್ಗಿಸಿದ. ಊರು ಇಷ್ಟು ಬೇಗ ಬರುವುದು ಅವನಿಗೆ ಬೇಡವಾಗಿತ್ತು.

ಕೇಳಿದವರೇ, ಹಳೇ ಗಾಡಿಗೆ ಆಸೆಪಡುವುದು ತಪ್ಪಲ್ಲ. ಕೈಯಲ್ಲಿ ಇದ್ದಷ್ಟರಲ್ಲೇ ಒಳ್ಳೇ ಗಾಡಿ ಸಿಗುತ್ತದೆ. ಬಣ್ಣ ನೋಡಿ ಹೂಂ ಅನ್ನಬೇಡಿ. ಹಗಲಿನಲ್ಲೇ ಹೋಗಿ, ಇಂಜಿನ್ನು ತಣ್ಣಗಿದ್ದಾಗಲೇ ಚಾಲೂ ಮಾಡಿಸಿ. ಬಟ್ಟೆ ಹೊಲಸಾದರೆ ಆಗಲಿ, ಕೆಳಗೆ ಮಲಗಿ ನೋಡಿ. ಕೆಟ್ಟ ರಸ್ತೆಯಲ್ಲಿ ಓಡಿಸಿ, ಬ್ರೇಕ್ ತುಳಿದು ನೋಡಿ. ಆ ಗಾಡಿಯ ಮೇಲೆ ಆಸೆ ಇಲ್ಲದ ತಿಳಿದವರೊಬ್ಬರು ಜೊತೆಗಿರಲಿ. ಎಲ್ಲ ಸರಿ ಇದ್ದರೂ ಮಾಲಕರ ಮುಖ ನೋಡದೆ, ಅವರ ಬಾಯಿಂದ ಕೇಳದೆ, ಅವರ ಎದುರಿಗೇ ಹೆಸರು ಬದಲಾಯಿಸದೆ ದುಡ್ಡು ಕೊಡಬೇಡಿ. ಮಾಲಕ ಇಲ್ಲ ಅಂತ ಯಾರಾದರೂ ಅಂದರೆ ಇಳಿದುಬಿಡಿ. ಬರಿಗೈಯಲ್ಲಿ ಮನೆಗೆ ಬಂದದ್ದಕ್ಕೆ ನಾಚಬೇಡಿ. ಎಲ್ಲೋ ಒಬ್ಬರು ಆ ಗಾಡಿಯನ್ನು ನೆನೆಸಿಕೊಂಡು ಕೂತಿರುತ್ತಾರೆ.